ದೌಲಪ್ಪ ಸರ್ ಮೆಚ್ಚಿದ ಕೆಡೆಟ್

ಮಾರ್ಚ್ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಹತ್ತೂವರೆ. ಕಲಬುರಗಿ ನಗರದ ಠಾಣೆಯೊಂದರಲ್ಲಿ ಸರಹದ್ದು ನೋಡದೆ ದಾಖಲಿಸಿಕೊಂಡ ಶೂನ್ಯ ಎಫ್‌ಐಆರ್ ಕಮಲಾಪುರ ಠಾಣೆಗೆ ವರ್ಗವಾಗಿ ಬಂತು. ಹಿಂದೆಯೇ ಫೋನು. ಮಾಡಿದವಳು ನಗರದ ಪಿಎಸ್‌ಐ ಲಲಿತಾಬಾಯಿ.

"ಹುಡುಗ ನಿಮ್ಮೂರಾವ, ಅಂಜನಾ. ಘಟನಾ ನಿಮ್ಮ ಹದ್ದಿನ್ಯಾಗೇ ಆಗ್ಯದ. ತಾಯಿ ದೂರು ನಾ ಬರಕೊಂಡೀನಿ. ನಿನ್ನ ಕೈಲಿ ಆಗ್ತದಲ್ಲ?"

ಕೊನೆಯ ಮಾತಿಗೆ ಪಿಎಸ್‌ಐ ಅಂಜನಾಳಿಗೆ ಚುರುಕ್ಕೆಂದಿತು. ಅಕಾಡೆಮಿಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದವರು. ಈಗ ಲಲಿತಾಬಾಯಿಗೆ ನಗರದ ಠಾಣೆ, ಐವಾನ್-ಎ-ಶಾಹಿ ಬಡಾವಣೆಯಲ್ಲಿ ಮನೆ, ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಫೋಟೊ. ಇವಳ ಪಾಲಿಗೆ ಹೆದ್ದಾರಿಯ ಅಪಘಾತ, ಬದುವಿನ ಜಗಳ. ಅಂಜನಾ ಫೋನಿಟ್ಟು ಹೆಡ್ ಕಾನ್‌ಸ್ಟೇಬಲ್ ಬುರ್ಹಾನುದ್ದೀನನಿಗೆ ಜೀಪು ತೆಗೆಯಲು ಹೇಳಿದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಕಪಿಲ ಮಲಗಿದ್ದ. ಒಂಬತ್ತನೇ ತರಗತಿ, ಕಮಲಾಪುರದ ಖಾಸಗಿ ಪ್ರೌಢಶಾಲೆಯೊಂದರ ಸೈನಿಕ ತರಬೇತಿ ದಳದ ಕೆಡೆಟ್. ಶನಿವಾರ ತರಬೇತಿಯಲ್ಲಿ ಕುಸಿದುಬಿದ್ದಿದ್ದ. ಮಿತಿಮೀರಿದ ಕಸರತ್ತಿನಿಂದ ಸ್ನಾಯುಗಳು ಒಡೆದು, ಅದರ ನಂಜು ಮೂತ್ರಪಿಂಡಕ್ಕೆ ಇಳಿದಿದೆ ಎಂದರು ವೈದ್ಯರು. ಡಯಾಲಿಸಿಸ್ ನಡೆದಿತ್ತು. ಎರಡೂ ಅಂಗೈ ಬೊಬ್ಬೆ. ಬೊಬ್ಬೆಯ ಅಂಚಿನಲ್ಲಿ ಕಪ್ಪಗೆ ಏನೋ ಅಂಟಿತ್ತು.

"ಸಾಲ್ಯಾಗ ಏನಂದ್ರು?" ಅಂಜನಾ ತಾಯಿಯನ್ನು ಕೇಳಿದಳು.

"ಉಪವಾಸ ಬಂದಿದ್ದ, ಬಿಸಲಿಗಿ ಮೈದಾನದಾಗ ಬಿದ್ದ ಅಂದ್ರು." ಮಾನಮ್ಮ ಗಾರೆ ಕೆಲಸದವಳು. "ಎರಡು ರೊಟ್ಟಿ ತಿಂದು ಹೋಗ್ಯಾನ್ರಿ ಮೇಡಂ. ನಾನೇ ಬಡದು ಹಾಕೀನಿ."

"ಇಲ್ಲಿಗಿ ಯಾರು ತಂದ್ರು?"

"ಕುನಾಲ. ನಮ್ಮ ಓಣಿ ಹುಡುಗ್ರಿ, ಅದೇ ಸಾಲ್ಯಾಗ ಡ್ರಿಲ್ ಕಲಸ್ತಾನ. ಎರಡು ದಿನದಿಂದ ಇಲ್ಲೇ ಕುಂತಾನ."

ಬಾಗಿಲಾಚೆ ಚಹಾದ ಥರ್ಮಾಸ್ ಹಿಡಿದ ಯುವಕ ಎದ್ದು ನಿಂತ. ಇಪ್ಪತ್ಮೂರು ವರ್ಷ, ಚಿಕ್ಕದಾಗಿ ಕತ್ತರಿಸಿದ ಕೂದಲು. ಶನಿವಾರ ಎಲ್ಲಿದ್ದೆ ಎಂದರೆ, "ಕಪನೂರಕ್ಕ ಹೋಗಿದ್ನಿ, ಡ್ರಿಲ್ ಬಂದೂಕು ವೆಲ್ಡಿಂಗ್ ಮಾಡಸ್ಲಾಕ. ವಾಪಸ್ ಬರೂದ್ರಾಗ ಅವ ಬಿದ್ದಿದ್ದ" ಎಂದ.

ಕಪಿಲನನ್ನು ಕೇಳಿದಾಗ ಒಂದೇ ಮಾತು: "ಬಿದ್ನಿ, ಮೇಡಂ."

ಮಧ್ಯಾಹ್ನ ಶಾಲೆಯಲ್ಲಿ ಪಂಚನಾಮೆ ನಡೆಯಿತು. ಮೈದಾನವೆಲ್ಲ ಕೆಂಪು ಮಣ್ಣು, ಕಪ್ಪು ಎಲ್ಲೂ ಇಲ್ಲ. ಬುರ್ಹಾನುದ್ದೀನ್ ಕಟ್ಟಡ ಸುತ್ತಿ ಬಂದು ಕರೆದ. ಹಿಂದೆ ನೀರಿನ ತೊಟ್ಟಿ. ಸೋರದಿರಲೆಂದು ಅದರ ಮೇಲ್ಹಾಸಿಗೆ ಡಾಂಬರು ಬಳಿದಿದ್ದರು. ಅಂಜನಾ ಅಂಗೈ ಊರಿ ತಕ್ಷಣ ಎಳೆದುಕೊಂಡಳು. ಕಾದ ಹೆಂಚಿನಂತಿತ್ತು. ಡಾಂಬರಿನ ಮಾದರಿಯನ್ನು ಪಂಚರೆದುರು ತೆಗೆದು ಮೊಹರು ಮಾಡಿದರು.

ತರಬೇತಿಯ ಮುಖ್ಯಸ್ಥ ದೌಲಪ್ಪ, ನಿವೃತ್ತ ಹವಾಲ್ದಾರ. ಶನಿವಾರ ಸಂಜೆ ನಾಲ್ಕರವರೆಗೆ ಕಲಬುರಗಿಯಲ್ಲಿ, ಶಾಲೆಯ ಆಡಳಿತ ಕಚೇರಿಯಲ್ಲಿದ್ದ. ಅಲ್ಲಿನ ಕ್ಯಾಮೆರಾದಲ್ಲಿ ಮುಖ ಸ್ಪಷ್ಟವಿತ್ತು.

"ಇಲ್ಲಿ ಶಿಕ್ಷಾ ಕೊಡ್ತೀರೇನು?" ಅಂಜನಾ ಕೇಳಿದಳು.

"ಶಿಸ್ತು ಕಲಸ್ತೀವ್ರಿ. ಸಿಪಾಯಿ ಆದಾವ ಸಾಕು ಅನ್ನಬಾರದು." ಹಿಂದೆಯೇ ಕೇಳಿದ, "ಕಪಿಲ ಮತ್ತ ಓಡ್ತಾನೇನ್ರಿ? ಅಂಥ ಹುಡುಗ ನನ್ನ ಕೈಯಾಗ ಇನ್ನೊಬ್ಬ ಬಂದಿಲ್ಲ."

ಕೆಡೆಟ್‌ಗಳನ್ನು ಕೇಳಿದರೆ ಎಲ್ಲರದೂ ಒಂದೇ ವಾಕ್ಯ, ಪಾಠ ಒಪ್ಪಿಸಿದ ಹಾಗೆ: ಉಪವಾಸ ಬಂದಿದ್ದ, ಬಿಸಿಲಿಗೆ ಬಿದ್ದ.

ಮರುದಿನ ಅಂಜನಾ ಸಮವಸ್ತ್ರ ಬಿಟ್ಟು ಸೀರೆಯುಟ್ಟು ಆ ವಾಕ್ಯ ಒಪ್ಪಿಸುವಾಗ ತಡವರಿಸಿದ್ದ ಕೆಡೆಟ್ ಕಾವೇರಿಯ ಮನೆಗೆ ಹೋದಳು. ಹುಡುಗಿ ಅಪ್ಪನ ಪಕ್ಕ ಕೂತು ನೆಲ ನೋಡುತ್ತಿದ್ದಳು.

"ನಿಮ್ಮ ಹೆಸರು ಸಾಲಿಗಿ ಹೇಳೂದಿಲ್ಲ," ಅಂಜನಾ ಎಂದಳು. "ತೊಟ್ಟಿ ಮ್ಯಾಲ ಅವನ ಕೈ ಇಡಿಸಿದವರು ಯಾರು?"

ಕಾವೇರಿ ಅಪ್ಪನ ಮುಖ ನೋಡಿದಳು. "ಕುನಾಲ ಸರ್. ಮೊದಲ ಕಪ್ಪಿ ಹಂಗ ಕುಕ್ಕರಗಾಲಿಲೆ ಜಿಗಿಸಿದ್ರು. ಆಮ್ಯಾಲ ತೊಟ್ಟಿ ಮ್ಯಾಲ ಅಂಗೈ ಊರಿ ದಂಡ ಹೊಡಸಿದ್ರು. ನಾವು ಜೋರಾಗಿ ಎಣಸಬೇಕು. ನಾ ನೀರು ಒಯ್ದಿನ್ರಿ, ಚೆಲ್ಲಿಬಿಟ್ರು."

"ಸುಳ್ಳು ಹೇಳ್ರಿ ಅಂದವರು?"

"ಸಂಜಿಗಿ ದೌಲಪ್ಪ ಸರ್, ಹೆಡ್ ಸರ್ ಇಬ್ರೂ ಬಂದಿದ್ರು. ಬಾಯಿ ಬಿಟ್ರ ಟ್ರೇನಿಂಗ್ ಬಂದಾಗ್ತದ, ಯಾರಿಗೂ ಕ್ಯಾಂಪ್ ಸಿಗಲ್ಲ ಅಂದ್ರು."

ಕಪನೂರದ ವೆಲ್ಡಿಂಗ್ ಅಂಗಡಿಯ ಗುಫ್ರಾನ್ ಉಳಿದದ್ದನ್ನು ಬುರ್ಹಾನುದ್ದೀನನಿಗೆ ಹೇಳಿದ: "ಶುಕ್ರವಾರ ಬಂದಿದ್ದ ಸಾಬ್. ಶನಿವಾರ ಲೈಟೇ ಇರ್ಲಿಲ್ಲ, ದುಕಾನ್ ಬಂದ್."

ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ಕಾರಿಡಾರಿನಲ್ಲಿ ಕುನಾಲನ ಬಂಧನವಾಯಿತು. ಮಾನಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ತಂದ ಥರ್ಮಾಸನ್ನು ಕೈಯಿಂದ ದೂರ ಸರಿಸಿ ಗೋಡೆಗೆ ಮುಖ ಮಾಡಿದಳು.

ಠಾಣೆಯಲ್ಲಿ ಅಂಜನಾ ಕೇಳಿದಳು, "ಯಾಕ?"

ಕುನಾಲ ಒಂದೊಂದಾಗಿ ಹೇಳತೊಡಗಿದ. ಅವನೂ ಹಿಂದೆ ಅದೇ ದಳದ ಹುಡುಗ. ಸೈನ್ಯದ ಭರ್ತಿಗೆ ಮೂರು ಸಲ ಹೋಗಿ ಎತ್ತರ ಸಾಲದೆ ಸೋತು ಬಂದಿದ್ದ. ಆಗೆಲ್ಲ ದೌಲಪ್ಪ ಭುಜ ತಟ್ಟಿ, ನನ್ನ ಸೀಟಿ ಒಂದಿನ ನಿನ್ನ ಕೊರಳಿಗೇ ಎನ್ನುತ್ತಿದ್ದ. ಅವನು ರೆಜಿಮೆಂಟಿನಲ್ಲಿ ಊದುತ್ತಿದ್ದ ಹಿತ್ತಾಳೆ ಸೀಟಿ ಅದು. ಶುಕ್ರವಾರ ಎಲ್ಲರೆದುರು ದೌಲಪ್ಪ ಅದನ್ನು ಕಪಿಲನ ಕೊರಳಿಗೆ ಹಾಕಿದ.

"ನನ್ನ ಕಡಿ ತಿರುಗಿ ಸೈತ ನೋಡಲಿಲ್ಲರಿ. ಅವನ ಕೊರಳಾಗ ಅದು ಹೊಳಿಯೂದು ನೋಡಿ ರಾತ್ರಿಯೆಲ್ಲ ನಿದ್ದಿ ಬರಲಿಲ್ಲ."

"ಕೊಲ್ಲಬೇಕಂತಿದ್ದೇನು?"

"ಇಲ್ರಿ!" ಅವನು ಬೆಚ್ಚಿದ. "ಒಮ್ಮಿ ಸಾಕು ಸರ್ ಅಂದಿದ್ರ ಬಿಡ್ತಿದ್ನಿ. ನನ್ನ ಮುಂದ ಒಮ್ಮಿ ಸೋಲಲಿ ಅಂತ. ಅವ ಅನ್ನಲೇ ಇಲ್ಲ."

ಅಂಜನಾಳ ಪೆನ್ನು ಒಂದು ಕ್ಷಣ ನಿಂತಿತು. ಲಲಿತಾಬಾಯಿ ಎಂದಾದರೂ ಒಂದು ಕೇಸಿನಲ್ಲಿ ಎಡವಲಿ ಎಂದು ತಾನೂ ಬಯಸಿದ್ದುಂಟು. ಅವಳು ಹಾಳೆ ತಿರುಗಿಸಿ ಬರೆಯುವುದನ್ನು ಮುಂದುವರಿಸಿದಳು.

ತೀವ್ರ ಗಾಯ, ಬಾಲನ್ಯಾಯ ಕಾಯ್ದೆಯಡಿ ಮಗುವಿನ ಮೇಲೆ ಕ್ರೌರ್ಯ. ಕುನಾಲ ಒಂದನೇ ಆರೋಪಿ. ಕೃತ್ಯ ಮುಚ್ಚಿಟ್ಟ ದೌಲಪ್ಪ ಮತ್ತು ಮುಖ್ಯೋಪಾಧ್ಯಾಯ ಎರಡು ಮತ್ತು ಮೂರು. ತರಬೇತಿ ನಿಂತಿತು. ಮಕ್ಕಳ ರಕ್ಷಣಾ ಘಟಕದವರು ಒಬ್ಬೊಬ್ಬ ಕೆಡೆಟ್‌ನನ್ನೂ ಅವರವರ ಮನೆಯಲ್ಲಿ ಕೂರಿಸಿ ಮಾತಾಡಿಸಿದಾಗ ಹಳೆಯ ಬಾಸುಂಡೆಗಳ ಇನ್ನೂ ನಾಲ್ಕು ದೂರುಗಳು ಬಂದವು. ಕಪಿಲನ ಮೂತ್ರಪಿಂಡ ನಿಧಾನವಾಗಿ ಚೇತರಿಸಿಕೊಳ್ಳುತ್ತಿತ್ತು.

ಬುಧವಾರ ಕುನಾಲನನ್ನು ಕಲಬುರಗಿಯ ನ್ಯಾಯಾಲಯಕ್ಕೆ ಕರೆದೊಯ್ಯುವಾಗ ಜೀಪಿನಲ್ಲಿ ಅವನು ಜಾಮೀನಿನ ಮಾತೆತ್ತಲಿಲ್ಲ, ಕಪಿಲ ಹೇಗಿದ್ದಾನೆ ಎಂದೂ ಕೇಳಲಿಲ್ಲ. ಮಹಾಗಾಂವ್ ದಾಟಿದ ಮೇಲೆ ಮೆಲ್ಲಗೆ ಬಾಯಿಬಿಟ್ಟ.

"ಮೇಡಂ, ದೌಲಪ್ಪ ಸರ್ ನನ್ನ ಬಗ್ಗೆ ಏನಂದ್ರು?"

ದೌಲಪ್ಪನ ಹೇಳಿಕೆ ಅಂಜನಾಳ ತೊಡೆಯ ಮೇಲೆಯೇ ಇತ್ತು. ಅದರ ತುಂಬ ಕಪಿಲನ ಮಾತೇ.

"ಏನೂ ಅನ್ನಲಿಲ್ಲ," ಎಂದಳು.