ಒಂದೇ ಗುರುತಿನ ಎರಡು ಡಿಸ್ಕ್

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ರಿಪೇರಿ ಅಂಗಡಿಯ ಮೇಜಿನ ಮೇಲೆ ಅವಳು ತಂದಿಟ್ಟ ಲ್ಯಾಪ್‌ಟಾಪ್ ಅಲ್ಲಿಗೆ ತರುವ ಮೊದಲು, ಆ ಬೆಳಿಗ್ಗೆ, ಆನ್ ಆಗಲು ಹತ್ತೊಂಬತ್ತು ನಿಮಿಷ ತೆಗೆದುಕೊಂಡಿತ್ತು.

"ಬೇಕಾದ್ರೆ ನೀವೇ ನೋಡಿ" ಎಂದು ಅವಳು ಪವರ್ ಬಟನ್‌ನತ್ತ ಬೆರಳು ಚಾಚಿದಳು.

ಅಂಗಡಿಯವನು ತಟ್ಟನೆ ತನ್ನ ಅಂಗೈಯನ್ನು ಬಟನ್‌ಗೆ ಅಡ್ಡ ಇಟ್ಟ. ಅವಳ ಬೆರಳು ಅವನ ಕೈಯ ಮೇಲೆ ಬಿತ್ತು.

"ಬೇಡ ಮೇಡಂ. ಒಳಗಿನ ಹಾರ್ಡ್ ಡಿಸ್ಕ್ ಟಕಟಕ ಅಂತಿದೆ ಅಂದ್ರಲ್ಲ, ಇನ್ನೆಷ್ಟು ಸಲ ಆನ್ ಆಗುತ್ತೋ ಗೊತ್ತಿಲ್ಲ. ಇರೋ ಜೀವಾನ ನಕಲು ಮಾಡೋಕೆ ಉಳಿಸಿಕೊಳ್ಳೋಣ."

ಅವಳು ಕೈ ಹಿಂದೆಳೆದುಕೊಂಡಳು. ನನ್ನ ಲ್ಯಾಪ್‌ಟಾಪ್ ಮುಟ್ಟೋಕೆ ನಾನು ಇವನ ಅಪ್ಪಣೆ ಕೇಳಬೇಕಾ... ಎಂದು ಒಳಗೇ ಸಿಡುಕಿದಳು. ಆದರೆ ಅವನ ಮಾತಿನಲ್ಲಿ ಜೋರಿರಲಿಲ್ಲ, ಆತಂಕವಿತ್ತು.

ಅವಳದು ಎಂಬ್ರಾಯ್ಡರಿ ಕೆಲಸ. ಅಣ್ಣನ ಹೆಂಡತಿಯ ಜೊತೆ ಸೇರಿ ಎರಡು ಬೀದಿ ಆಚೆ ಮೂರು ಯಂತ್ರಗಳ ಒಂದು ಕಾರ್ಖಾನೆ ನಡೆಸುತ್ತಿದ್ದಳು. ಬಟ್ಟೆಯ ಮೇಲೆ ಯಂತ್ರ ಹೊಲಿಯುವ ಪ್ರತಿ ಚಿತ್ರವನ್ನೂ ಮೊದಲು ಅವಳೇ ಲ್ಯಾಪ್‌ಟಾಪ್‌ನಲ್ಲಿ ಬಿಡಿಸಬೇಕು. ಆರು ವರ್ಷಗಳಲ್ಲಿ ಸಾವಿರದ ನೂರ ನಲವತ್ತು ವಿನ್ಯಾಸಗಳಾಗಿದ್ದವು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಹೊಸ ಡಿಸ್ಕ್ ಹಾಕಿ, ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕುವುದು ಸುಲಭ ಎಂದ ಅವನು. ಅದು ಆಗುವುದಿಲ್ಲ ಎಂದಳು ಅವಳು. ವಿನ್ಯಾಸ ಬಿಡಿಸುವ ಪ್ರೋಗ್ರಾಂ ಮಾರುತ್ತಿದ್ದ ಕಂಪನಿ ಮೂರು ವರ್ಷದ ಹಿಂದೆಯೇ ಬಾಗಿಲು ಮುಚ್ಚಿತ್ತು. ಈ ಲ್ಯಾಪ್‌ಟಾಪ್‌ನಲ್ಲಿ ಅಳಿಸಿದರೆ ಮತ್ತೆ ಹಾಕಿಕೊಡುವವರು ಯಾರೂ ಇಲ್ಲ.

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಹಾಗಾದರೆ ಇದ್ದದ್ದನ್ನು ಇದ್ದ ಹಾಗೆಯೇ, ಸಿಸ್ಟಂ, ಪ್ರೋಗ್ರಾಂ, ಚಿತ್ರ ಎಲ್ಲವನ್ನೂ ಒಟ್ಟಿಗೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿಗೆ ನಕಲು ಮಾಡಬೇಕು, ಐದಾರು ಗಂಟೆ ಹಿಡಿಯುತ್ತದೆ ಎಂದ.

"ನಾನು ಇಲ್ಲೇ ಕೂತಿರ್ತೀನಿ" ಎಂದಳು.

ಆ ಬೀದಿಯವರು ಅವನನ್ನು ನಿಧಾನಪ್ಪ ಎಂದು ಕರೆಯುತ್ತಿದ್ದರು. ಯಾಕೆಂದು ಅವಳಿಗೆ ಅರ್ಧ ಗಂಟೆಯಲ್ಲೇ ಗೊತ್ತಾಯಿತು. ನಕಲು ಶುರುಮಾಡುವ ಮೊದಲು ಪರದೆಯ ಮೇಲಿನ ಎರಡು ಡಿಸ್ಕ್‌ಗಳನ್ನು ಅವಳೇ ಬೆರಳಿಟ್ಟು ತೋರಿಸಿ, 'ಇದರಿಂದ ಇದಕ್ಕೆ' ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಒಂದು ಸಲವಲ್ಲ, ಎರಡು ಸಲ. ಗಿರಾಕಿ ಹೇಳದೆ ಅವನು ಮೌಸ್ ಒತ್ತುತ್ತಿರಲಿಲ್ಲ.

ಇದೇನು ಶಾಲೆಯಾ ಎಂದು ಅವಳು ಕೇಳಿದಳು.

ಅವನು ನಗಲಿಲ್ಲ. ಕೆಲಸ ಕಲಿತ ಹೊಸತರಲ್ಲಿ, ಒಬ್ಬ ನಿವೃತ್ತ ಅಧ್ಯಾಪಕಿಯ ಡಿಸ್ಕ್ ನಕಲು ಮಾಡುವಾಗ ಹಿಂದುಮುಂದಾಗಿತ್ತಂತೆ. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ನಕಲು ಮಾಡಿದ್ದ. ಹನ್ನೆರಡು ವರ್ಷದ ಬರಹ ಒಂದೇ ಒತ್ತಿಗೆ ಅಳಿಸಿಹೋಗಿತ್ತು.

"ಬೈದ್ರಾ?"

"ಬೈದಿದ್ರೆ ಚೆನ್ನಾಗಿರೋದು. 'ಪರವಾಗಿಲ್ಲ ಬಿಡಪ್ಪ' ಅಂದ್ರು."

ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಗಂಡಸನ್ನು ಅವಳು ಕಂಡಿರಲಿಲ್ಲ...

ಹಳೆಯ ಡಿಸ್ಕ್ ನಡುನಡುವೆ ತಡವರಿಸಿತು. ಒಮ್ಮೆ ಶೇಕಡ ಅರವತ್ತೆರಡರಲ್ಲಿ ಹದಿನಾಲ್ಕು ನಿಮಿಷ ನಿಂತೇಬಿಟ್ಟಿತು. ಅವನು ಮೇಜು ಬಿಟ್ಟು ಏಳಲಿಲ್ಲ. ನಕಲು ನಡೆಯುವಾಗ ಅಂಗಡಿ ಬಿಡುವುದಿಲ್ಲ ಎಂಬುದು ಅವನ ಇನ್ನೊಂದು ನಿಯಮ. ಅವಳೂ ಏಳಲಿಲ್ಲ.

ನಾಲ್ಕೂಕಾಲಿಗೆ ಹೊಸ ಡಿಸ್ಕಿನೊಂದಿಗೆ ಲ್ಯಾಪ್‌ಟಾಪ್ ಹದಿನೇಳು ಸೆಕೆಂಡಿನಲ್ಲಿ ತೆರೆದುಕೊಂಡಿತು. ಪ್ರೋಗ್ರಾಂ ಏನನ್ನೂ ಕೇಳದೆ ತೆರೆಯಿತು. ಸಾವಿರದ ನೂರ ನಲವತ್ತು ವಿನ್ಯಾಸಗಳೂ ಇದ್ದವು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅವನು ಹಳೆಯ ಡಿಸ್ಕನ್ನು ಒಂದು ಡಬ್ಬಿಗೆ ಹಾಕಿ, ಯುಎಸ್‌ಬಿ ತಂತಿ ಜೋಡಿಸಿ ಕೊಟ್ಟ. ಇನ್ನೂ ಏನೋ ಹೇಳಲು ಹೊರಟವನು ಸುಮ್ಮನಾದ.

ಮುಂದಿನ ಐದು ವಾರಗಳಲ್ಲಿ ಅವಳು ಅಂಗಡಿಗೆ ಏಳು ಸಲ ಹೋದಳು. ಒಮ್ಮೆ ಸಡಿಲವಾದ ಸ್ಕ್ರೂ, ಒಮ್ಮೆ ಫ್ಯಾನಿನ ಧೂಳು. ಹೊಸ ಡಿಸ್ಕ್ ಹಾಕಿದ ಮೇಲೆ ನಿನ್ನ ಲ್ಯಾಪ್‌ಟಾಪ್‌ಗೆ ಕಾಯಿಲೆ ಜಾಸ್ತಿ ಆಯ್ತಲ್ಲ ಕಣೇ ಎಂದು ಅತ್ತಿಗೆ ಕಾಲೆಳೆದರು.

ಆರನೆಯ ವಾರ, ಬುಧವಾರ. ಆಸ್ಪತ್ರೆಯೊಂದರ ದಾದಿಯರ ಇನ್ನೂರ ಅರವತ್ತು ಕೋಟುಗಳಿಗೆ ಲಾಂಛನ ಹೊಲಿದು ಮರುದಿನ ಮಧ್ಯಾಹ್ನದೊಳಗೆ ಕೊಡಬೇಕಿತ್ತು. ಬೇಡದ ಕಡತಗಳನ್ನು ತೆಗೆಯುವಾಗ ಅವಳು ಕಳೆದ ವರ್ಷವೇ ಬಿಡಿಸಿಟ್ಟಿದ್ದ ಆಸ್ಪತ್ರೆಯ ಲಾಂಛನದ ಫೋಲ್ಡರನ್ನೂ ಸೇರಿಸಿ ಅಳಿಸಿಬಿಟ್ಟಳು. ಲ್ಯಾಪ್‌ಟಾಪ್‌ನ ಕಸದ ಬುಟ್ಟಿಯನ್ನೂ ಖಾಲಿ ಮಾಡಿಯಾಗಿತ್ತು.

ಅಯ್ಯೋ ಎಂದು ಕುರ್ಚಿಯಿಂದ ಎದ್ದಳು. ಮರುಕ್ಷಣವೇ ಸಮಾಧಾನವಾಯಿತು. ಹಳೇ ಡಿಸ್ಕ್ ಇದೆಯಲ್ಲ...

ತಂದು ಜೋಡಿಸಿದಳು. ಡಬ್ಬಿಯ ದೀಪ ಹತ್ತಿತು. ಪರದೆಯ ಮೇಲೆ ಏನೂ ಬರಲಿಲ್ಲ. ತೆಗೆದು ಮತ್ತೆ ಹಾಕಿದಳು. ಏನೂ ಇಲ್ಲ.

ನಿನ್ನ ಡಿಸ್ಕ್ ತಾನಿಟ್ಟುಕೊಂಡು ಯಾವುದೋ ಖಾಲಿ ಡಬ್ಬಿ ಕೊಟ್ಟಿದ್ದಾನೆ ಎಂದರು ಅತ್ತಿಗೆ. ಆರು ವರ್ಷದ ವಿನ್ಯಾಸ ಬೇರೆಯವರಿಗೆ ಕೊಟ್ಟರೆ ನಮ್ಮ ಗತಿ ಏನು ಎಂದೂ ಕೇಳಿದರು.

ಅವಳು ಓಡುನಡಿಗೆಯಲ್ಲಿ ಅಂಗಡಿಗೆ ಹೋದಳು. ನಾಲ್ವರು ಗಿರಾಕಿಗಳಿದ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ನನ್ನ ಡಿಸ್ಕ್ ಎಲ್ಲಿ?"

ಅವನಿಗೆ ಅರ್ಥವಾಗಲಿಲ್ಲ. ಅದೇ ಇದು ಎಂದ.

"ಇದ್ರಲ್ಲಿ ಏನೂ ಇಲ್ಲ. ನಂಬಿ ಕೊಟ್ಟಿದ್ದೆ ನಿಮಗೆ."

ಅವನ ಮುಖ ಬಿಳಿಚಿಕೊಂಡಿತು. ಲ್ಯಾಪ್‌ಟಾಪ್ ತಂದಿದ್ದೀರಾ ಎಂದು ಕೇಳಿದ. ನಿಮ್ಮ ಕೈಗೆ ಇನ್ನೇನೂ ಕೊಡುವುದಿಲ್ಲ ಎಂದು ಅವಳು ಡಬ್ಬಿ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಅವನು ಎದ್ದಿರಲಿಲ್ಲ. ಕೂತಲ್ಲೇ ಕೂತಿದ್ದ.

ತಪ್ಪು ಮಾಡಿಲ್ಲದಿದ್ದರೆ ಹಿಂದೆ ಬರುತ್ತಿದ್ದ... ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ಲಾಂಛನ ಹೋದದ್ದಕ್ಕಿಂತ ಅವನು ಏಳದೆ ಕೂತದ್ದು ಹೆಚ್ಚು ನೋಯಿಸಿತು.

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಕಾರ್ಖಾನೆಯ ಬಾಗಿಲಲ್ಲಿ ಅವನು ನಿಂತಿದ್ದ. ಅತ್ತಿಗೆ ಅಡ್ಡ ನಿಂತರು.

"ಡಿಸ್ಕ್ ತಂದ್ರಾ, ಬರಿಗೈಲಿ ಬಂದ್ರಾ?"

"ಬರಿಗೈ ಅಕ್ಕಾ. ನಾನೇನೂ ಮುಟ್ಟಲ್ಲ. ಬಾಗಿಲಲ್ಲೇ ನಿಂತು ಹೇಳ್ತೀನಿ, ಅವರೇ ಮೌಸ್ ಹಿಡೀಲಿ."

ಅವಳು ತಲೆಯೆತ್ತಲಿಲ್ಲ. "ಆಗಲೇ ಯಾಕೆ ಬರಲಿಲ್ಲ?"

"ಬೇರೆಯವರ ಡಿಸ್ಕ್ ನಕಲಾಗ್ತಿತ್ತು. ಇನ್ನೂ ನಲವತ್ತು ನಿಮಿಷ ಇತ್ತು. ಮುಗಿದ ತಕ್ಷಣ ಅಂಗಡಿ ಮುಚ್ಚಿ ಬಂದೆ."

ಅವಳ ಕೈ ತಾನಾಗಿಯೇ ಮೌಸ್‌ನತ್ತ ಹೋಯಿತು. ಹೊಸ್ತಿಲಾಚೆಯಿಂದ ಅವನು ಒಂದೊಂದಾಗಿ ಹೇಳಿದ, ಅವಳು ಒಂದೊಂದಾಗಿ ಒತ್ತಿದಳು. ಡಿಸ್ಕ್‌ಗಳ ಪಟ್ಟಿ ತೆರೆಯಿತು. ಎರಡನೆಯದರ ಪಕ್ಕದಲ್ಲಿ 'ಆಫ್‌ಲೈನ್' ಎಂದಿತ್ತು. ಅದರ ಮೇಲೆ ಬಲಗಡೆಯ ಗುಂಡಿ ಒತ್ತಿ 'ಆನ್‌ಲೈನ್' ಮಾಡಿ ಎಂದ.

ಮಾಡಿದಳು. ಎರಡು ಸೆಕೆಂಡು. ಹಳೆಯ ಡಿಸ್ಕ್ ತೆರೆದುಕೊಂಡಿತು. ಆಸ್ಪತ್ರೆಯ ಫೋಲ್ಡರ್ ಇದ್ದಲ್ಲೇ ಇತ್ತು.

ಅತ್ತಿಗೆ ಬಾಗಿಲಿನಿಂದ ಸರಿದು, ಅವನಿಗೆ ಕುರ್ಚಿ ಎಳೆದುಕೊಟ್ಟು, ಯಂತ್ರದ ಕೋಣೆಗೆ ನಡೆದರು.

ಡಿಸ್ಕಿಗೊಂದು ಗುರುತಿನ ಸಂಖ್ಯೆ ಇರುತ್ತದೆ, ನಕಲು ಮಾಡಿದಾಗ ಅದೂ ನಕಲಾಗುತ್ತದೆ ಎಂದು ಅವನು ವಿವರಿಸಿದ. ಒಂದೇ ಸಂಖ್ಯೆಯ ಎರಡು ಡಿಸ್ಕ್ ಕಂಡರೆ ಕಂಪ್ಯೂಟರ್ ಒಂದನ್ನು ಹೊರಗೇ ನಿಲ್ಲಿಸುತ್ತದೆ.

"ನಾಲ್ಕು ಜನರ ಮುಂದೆ ಕಳ್ಳ ಅನ್ನೋ ಥರ ಮಾತಾಡಿದೆ ನಾನು" ಎಂದಳು. ಕಣ್ಣು ತುಂಬಿತ್ತು. "ನಾಳೆ ಅದೇ ಜಾಗದಲ್ಲಿ ನಿಂತು ತಪ್ಪಾಯ್ತು ಅಂತ ಹೇಳ್ತೀನಿ."

"ತಪ್ಪು ನಂದು. ಈ ಮಾತನ್ನ ಪ್ರತಿ ಗಿರಾಕಿಗೂ ಹೇಳಿ ಕಳಿಸ್ತೀನಿ. ನಿಮಗೊಬ್ಬರಿಗೆ ಹೇಳಲಿಲ್ಲ."

"ಯಾಕೆ?"

ಅವನು ಕುರ್ಚಿಯಲ್ಲಿ ಕೂತು ನೆಲ ನೋಡುತ್ತ ಹೇಳಿದ.

"ಆವತ್ತು ನೀವು ನಗ್ತಿದ್ರಿ. ನೋಡ್ತಾ ಮರೆತೆ."

ಅವಳು ಕೆನ್ನೆ ಒರೆಸಿಕೊಂಡಳು. ಏಳು ಸಲ ಬಂದೆನಲ್ಲ, ಒಂದು ಸಲವಾದರೂ ನೆನಪಾಗಲಿಲ್ಲವೇ ಎಂದು ಕೇಳಿದಳು.

"ಬಂದಾಗೆಲ್ಲಾ ಬೇರೆ ಏನೋ ಹೇಳ್ಬೇಕು ಅನ್ಕೋತಿದ್ದೆ. ಅದನ್ನೂ ಹೇಳಲಿಲ್ಲ."

"ಈಗ ಹೇಳಿ."

"ನಿಮ್ಮ ಜೊತೆ ಇರ್ಬೇಕು ಅಂತ ಇದೆ ನಂಗೆ. ಯಾವಾಗಲೂ."

"ಇದಕ್ಕೂ ಆರು ವಾರ ಬೇಕಾಯ್ತಾ?" ಎಂದಳು ಅವಳು. ಆಮೇಲೆ ಮೆಲ್ಲಗೆ ಅಂದಳು: "ನಂಗೂ ಇದೆ."

ಕೋಟುಗಳು ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಆಸ್ಪತ್ರೆ ತಲುಪಿದವು. ಅವರಿಬ್ಬರ ಮದುವೆ ಆರು ತಿಂಗಳ ಬಳಿಕ, ಒಂದು ಭಾನುವಾರ ನಡೆಯಿತು.