ಹಿಂಡು ಬಿಟ್ಟ ಚುಕ್ಕೆ

ಶುಕ್ರವಾರ ಮಧ್ಯಾಹ್ನ ನಾನು ಬೋ ನೊಸಿಕು ಅವರ ಅಂಗಳದ ಮಾವಿನ ಮರದ ಕೆಳಗೆ ಕೂತು ಸುಟ್ಟ ಗೇರುಬೀಜ ಒಡೆಯುತ್ತಿದ್ದಾಗ ನಮಕಾವು ಬಂದಳು. ಹಿರಿಯರ ಮುಂದೆ ಮಾಡುವಂತೆ ಮಂಡಿಯೂರಿ ಎರಡು ಸಲ ಚಪ್ಪಾಳೆ ತಟ್ಟಿದಳು. ಮೂರನೆಯ ಸಲ ತಟ್ಟಲು ಹೋದಾಗ ಅಳು ಬಂತು.

"ದೊಡ್ಡಮ್ಮಾ, ನನ್ನ ಕೆಲಸ ಹೋಯ್ತು."

"ಹೋಯ್ತೋ, ಹೋಗೋದಿದ್ಯೋ? ಎರಡೂ ಒಂದೇ ಅಲ್ಲ," ಎಂದರು ಬೋ ನೊಸಿಕು.

"ಸೋಮವಾರ ವಿಚಾರಣೆ. ಅವತ್ತು ಹೋಗತ್ತೆ."

"ಹಾಗಾದ್ರೆ ಇನ್ನೂ ಎರಡು ದಿನ ಇದೆ. ಲುಬಿಂದಾ, ಹುಡುಗಿಗೆ ಒಂದು ಬಟ್ಟಲು ಮೊಸರು ತಂದ್ಕೊಡು. ಬೀಜ ಎಲ್ಲಾ ನೀನೇ ತಿಂದು ಮುಗಿಸ್ಬೇಡ."

ಬೋ ನೊಸಿಕು ಲುಸಾಕಾ ರಸ್ತೆಯ ತೂಕದ ಠಾಣೆಯಲ್ಲಿ ಮೂವತ್ತೊಂದು ವರ್ಷ ಲಾರಿ ತೂಗಿ ನಿವೃತ್ತರಾದವರು; ‘ಬೋ’ ಎಂಬುದು ನಮ್ಮ ಕಡೆ ಹಿರಿಯರ ಹೆಸರಿನ ಮುಂದೆ ಗೌರವಕ್ಕೆ ಸೇರಿಸುವ ಮಾತು. ಅಷ್ಟು ವರ್ಷ ಲಾರಿಗಳ ಸುಳ್ಳು ಹಿಡಿದ ಮೇಲೆ ಮನುಷ್ಯರ ಸುಳ್ಳು ಹಿಡಿಯುವುದು ಅವರಿಗೆ ಸುಲಭವಾಗಿತ್ತು. ಮೊಂಗು ಪಟ್ಟಣದಲ್ಲಿ ಕರು ಕಳೆದರೂ ಬಲೆ ಕಳವಾದರೂ ಜನ ಪೊಲೀಸರಿಗಿಂತ ಮೊದಲು ಅವರ ಗೇಟು ತಟ್ಟುತ್ತಿದ್ದರು. ನಾನು ಸರ್ಕಾರಿ ಲಾರಿ ಓಡಿಸುತ್ತಿದ್ದವನು. ಎರಡು ಸಲ ಅವರ ಕೈಗೇ ಸಿಕ್ಕಿಬಿದ್ದಿದ್ದೆ. ನಿವೃತ್ತಿಯ ನಂತರ ಅವರ ಹಳೆಯ ಪಿಕಪ್ ಓಡಿಸುತ್ತಾ, ಅವರು ಹೋದಲ್ಲಿಗೆಲ್ಲ ಹೋಗುತ್ತಾ ನೆಮ್ಮದಿಯಾಗಿದ್ದೆ.

ನಮಕಾವು ಪ್ರಾಂತ್ಯದ ರಸ್ತೆ ಕಚೇರಿಯಲ್ಲಿ ಎಂಜಿನಿಯರ್. ಮೊಸರು ಮುಗಿಸಿ ಹೇಳತೊಡಗಿದಳು. ಬಯಲಿನ ನಡುವಿನ ದಿಬ್ಬದ ಮೇಲಿರುವ ಸಿಬೋಯಾ ಊರಿನ ಆಸ್ಪತ್ರೆಗೆ ರಸ್ತೆ ಹಾಕಲು ಟೆಂಡರ್ ಕರೆದಿದ್ದರು. ನೆರೆ ಬಂದಾಗ ಹೆರಿಗೆ ನೋವಿನ ಹೆಂಗಸರನ್ನು ದೋಣಿಯಲ್ಲಿ ಸಾಗಿಸುವ ಊರು ಅದು. ಎಷ್ಟು ಕಲ್ಲು ಬೇಕು, ಎಷ್ಟು ಪೈಪು ಬೇಕು ಎಂಬ ಪಟ್ಟಿಯ ಕರಡನ್ನು ಇವಳೇ ಮಾಡಿದ್ದಳು. ಖರೀದಿ ಅಧಿಕಾರಿ ವಮುನ್ಯಿಮಾ ಅದನ್ನು ಮುದ್ರಿಸಿ ಗುತ್ತಿಗೆದಾರರಿಗೆ ಹಂಚಿದ್ದ. ಆ ವಾರ ನಮಕಾವು ದೂರದ ಕಲಾಬೊದಲ್ಲಿ ಸೇತುವೆ ಅಳೆಯುತ್ತಿದ್ದಳು, ಮುದ್ರಿಸಿದ್ದನ್ನು ನೋಡಿರಲಿಲ್ಲ.

"ಬುಧವಾರ ಎಲ್ಲರ ಮುಂದೆ ಲಕೋಟೆ ಒಡೆದ್ರು. ಮೂರು ಜನ ಹಾಕಿದ್ರು. ಎಲ್ಲಕ್ಕಿಂತ ಕಡಿಮೆ ಸಿಟ್ವಾಲಾ ಅವರದ್ದು. ಎರಡನೇದು ಕೆಕೆಲ್ವಾ ಅವರದ್ದು, ಬರೀ ಎರಡು ಸಾವಿರದ ನಾನೂರು ಕ್ವಾಚಾ ಜಾಸ್ತಿ. ಮೂರನೇದು ಲುಸಾಕಾ ಕಂಪನಿ, ತುಂಬಾ ದುಬಾರಿ. ಮರುದಿನ ವಮುನ್ಯಿಮಾ ಮುಖ್ಯ ಎಂಜಿನಿಯರ್ ಸಾಹೇಬ್ರ ಹತ್ರ ಹೋಗಿ, ಸಿಟ್ವಾಲಾಗೆ ನಾನು ಗುಟ್ಟು ಹೇಳಿದೀನಿ ಅಂದ."

"ಏನು ಗುಟ್ಟು?"

"ಮುದ್ರಿಸಿದ ಪಟ್ಟಿಲಿ ಕಲ್ಲು ನಾನೂರ ಇಪ್ಪತ್ತು ಘನ ಮೀಟರ್ ಅಂತಿದೆ. ನಿಜವಾಗಿ ಬೇಕಿರೋದು ನಾಲ್ಕು ಸಾವಿರದ ಇನ್ನೂರು. ಒಂದು ಸೊನ್ನೆ ಬಿಟ್ಟುಹೋಗಿದೆ. ಸಿಟ್ವಾಲಾಗೆ ಮಾತ್ರ ನಿಜ ಗೊತ್ತಿತ್ತು ಅಂತ ನಾನು ಮಾಡಿದ ಚಿತ್ರಾನೇ ತೋರಿಸ್ತಿದೆ, ದೊಡ್ಡಮ್ಮಾ. ನನ್ನ ಚಿತ್ರವೇ ನನಗೆ ವೈರಿ ಆಯ್ತು. ಸಿಟ್ವಾಲಾ ಅವರ ಊರೂ ನಮ್ಮಮ್ಮನ ತವರೂ ಒಂದೇ, ಸಿಬೋಯಾ. ಇನ್ನೇನು ಬೇಕು ಜನಕ್ಕೆ?"

ಅವಳು ಲ್ಯಾಪ್‌ಟಾಪ್ ತೆರೆದಳು. ಪರದೆಯ ತುಂಬ ಚುಕ್ಕೆಗಳು. ಹತ್ತು ವರ್ಷದ ಟೆಂಡರುಗಳಲ್ಲಿ ಕಲ್ಲಿಗೆ ಯಾರ‍್ಯಾರು ಎಷ್ಟು ದರ ಹಾಕಿದ್ದರೋ ಅದೆಲ್ಲ ಅಲ್ಲಿತ್ತು. ಬಲಕ್ಕೆ ಹೋದಷ್ಟೂ ಪ್ರಮಾಣ ಹೆಚ್ಚು, ಮೇಲಕ್ಕೆ ಹೋದಷ್ಟೂ ದರ ಹೆಚ್ಚು. ಯಾವ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದರೂ ಅದು ತನ್ನ ಯಜಮಾನನ ಹೆಸರು, ಊರು, ವರ್ಷ ಹೇಳುತ್ತಿತ್ತು.

"ಅಂದ್ರೆ ಒಂದು ಮೀನು ಕೊಳ್ಳೋನಿಗೆ ದುಬಾರಿ, ಬುಟ್ಟಿಗಟ್ಟಲೆ ಕೊಳ್ಳೋನಿಗೆ ಅಗ್ಗ," ಎಂದರು ಬೋ ನೊಸಿಕು. "ಅದಕ್ಕೇ ಹಿಂಡು ಎಡಗಡೆ ದಿಣ್ಣೆಯಿಂದ ಬಲಗಡೆ ಬಯಲಿಗೆ ಇಳಿದ ಹಾಗಿದೆ. ಈ ಒಂಟಿ ಹಸು ಯಾವುದು?"

ಎಡಗಡೆ, ಹಿಂಡಿಗಿಂತ ಬಹಳ ಕೆಳಗೆ, ಒಂದೇ ಒಂದು ಕೆಂಪು ಚುಕ್ಕೆ ನಿಂತಿತ್ತು. ಮುಟ್ಟಿದರು. ಸಿಟ್ವಾಲಾ, ಮುನ್ನೂರ ಎಂಬತ್ತು ಕ್ವಾಚಾ. ಆ ಪ್ರಮಾಣಕ್ಕೆ ಉಳಿದವರೆಲ್ಲ ಏಳುನೂರರ ಆಸುಪಾಸಿನಲ್ಲಿದ್ದರು. ಕೆಕೆಲ್ವಾ ಒಂಬೈನೂರು ಹಾಕಿ ಹಿಂಡಿನ ತಲೆಯ ಮೇಲಿದ್ದ.

"ಮುನ್ನೂರ ಎಂಬತ್ತು ಅಂದ್ರೆ ನಾಲ್ಕು ಸಾವಿರ ಮೀಟರಿಗೆ ಹಾಕೋ ದರ," ಎಂದಳು ನಮಕಾವು ಸಣ್ಣ ದನಿಯಲ್ಲಿ. "ಗೊತ್ತಿಲ್ಲದೆ ಯಾರೂ ಹಾಗೆ ಹಾಕಲ್ಲ."

"ಗೊತ್ತಿತ್ತು, ಸರಿ. ಹೇಳಿದ್ದು ಯಾರು ಅನ್ನೋದು ಬೇರೆ ಮಾತು. ನಾಳೆ ನಿನ್ನ ಕರಡು, ಮುದ್ರಿಸಿದ ಪಟ್ಟಿ ಎರಡೂ ತಗೊಂಡು ಬಾ."

ಶನಿವಾರ ಬೆಳಿಗ್ಗೆ ನಾವು ಮೊದಲು ದಕ್ಕೆಗೆ ಹೋದೆವು. ಸಿಟ್ವಾಲಾ ದೋಣಿಗೆ ಡಾಂಬರು ಬಳಿಯುತ್ತಿದ್ದ. ಕೈತುಂಬ ಕೆಲಸವಿರುವವನ ಹಾಗೆ ನಿಧಾನವಾಗಿ ತಲೆಯೆತ್ತಿದ.

"ನಿಮ್ಮನ್ನ ಕಳ್ಳ ಅಂತಿದಾರೆ," ಎಂದೆ ನಾನು.

"ಕೇಳಿದೆ ಅಣ್ಣಾ. ಕಳ್ಳನಾಗಿದ್ರೆ ದೋಣಿಗೆ ನಾನೇ ಡಾಂಬರು ಬಳೀತಿದ್ನಾ?"

"ನಾಲ್ಕು ಸಾವಿರ ಅಂತ ಹೇಗೆ ಗೊತ್ತಾಯ್ತಪ್ಪಾ?" ಬೋ ನೊಸಿಕು ಕೇಳಿದರು.

ಅವನು ದೋಣಿಯಿಂದ ಉದ್ದನೆಯ ಗಳು ಎತ್ತಿ ತೋರಿಸಿದ. ಅದರ ಮೇಲೆ ಸುಣ್ಣದ ಗೆರೆಗಳಿದ್ದವು. "ಡಿಸೆಂಬರಲ್ಲಿ ಕಚೇರಿಯೋರು ನಮ್ಮನ್ನೆಲ್ಲ ಜೀಪಲ್ಲಿ ಕರ್ಕೊಂಡು ಹೋಗಿ ಜಾಗ ತೋರಿಸಿದ್ರು. ಬರೀ ಹುಲ್ಲು, ಚಾಪೆ ಹಾಸಿದ ಹಾಗಿತ್ತು. ಎಲ್ಲರೂ ಸಹಿ ಹಾಕಿ ಮೀನು ತಿಂದು ವಾಪಸ್ ಬಂದ್ರು. ನಾನು ಆ ಹುಲ್ಲಲ್ಲಿ ದನ ಕಾದೋನು. ಹುಲ್ಲಿನ ಕೆಳಗೆ ದೊಡ್ಡ ಹಳ್ಳ ಇದೆ. ಜನವರಿಲಿ ನೀರು ಬಂದ ಮೇಲೆ ದೋಣಿಲಿ ಹೋಗಿ, ಹತ್ತು ಹೆಜ್ಜೆಗೊಂದು ಸಲ ಗಳು ಇಳಿಸಿದೆ. ನಾನೂರು ಮೀಟರು ಕಲ್ಲು ಆ ಹಳ್ಳದ ಬಾಯಿಗೂ ಸಾಲಲ್ಲ."

"ಗೊತ್ತಿದ್ದು ಸುಮ್ಮನಿದ್ದೆಯಾ?"

"ಇಲ್ಲಮ್ಮಾ, ಪ್ರಮಾಣ ತಪ್ಪಿದೆ ಅಂತ ಕಾಗದ ಬರೆದು ಕಚೇರಿ ಕಿಟಕೀಲಿ ಕೊಟ್ಟೆ. ಠಸ್ಸೆ ಹೊಡೆದು ಪ್ರತಿ ಕೊಟ್ರು, ಉತ್ತರ ಬರಲಿಲ್ಲ. ಕೊನೆಗೆ ದೊಡ್ಡ ಕೆಲಸದ ದರಾನೇ ಹಾಕ್ದೆ. ನಾಳೆ ಸಿಬೋಯಾದಲ್ಲಿ ನಮ್ಮಮ್ಮನ ಮುಂದೆ ತಲೆ ಎತ್ತಿ ನಿಲ್ಬೇಕಲ್ಲ."

ಬೋ ನೊಸಿಕು ಆ ಪ್ರತಿಯನ್ನು ಕೇಳಿ ಪಡೆದು, ಠಸ್ಸೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಮಡಚಿ ಕೈಚೀಲಕ್ಕೆ ಹಾಕಿದರು.

ಮನೆಗೆ ಬಂದಾಗ ನಮಕಾವು ಕಾಯುತ್ತಿದ್ದಳು. ಕರಡು ಅವಳ ಕೈಯಲ್ಲಿ, ಮುದ್ರಿತ ಪಟ್ಟಿ ನನ್ನ ಕೈಯಲ್ಲಿ. ಸಾಲು ಸಾಲಾಗಿ ಗಟ್ಟಿಯಾಗಿ ಓದಿದೆವು. ಏಳನೆಯ ಸಾಲು ಕಲ್ಲು: ಅವಳದು ನಾಲ್ಕು ಸಾವಿರದ ಇನ್ನೂರು, ನನ್ನದು ನಾನೂರ ಇಪ್ಪತ್ತು. ಎಂಟನೆಯ ಸಾಲು, ಮೋರಿಗೆ ಹಾಕುವ ಸಿಮೆಂಟ್ ಪೈಪು.

"ಇಪ್ಪತ್ನಾಲ್ಕು," ಎಂದಳು.

"ಇನ್ನೂರ ನಲವತ್ತು," ಎಂದೆ.

ಅವಳು ಪಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ನೋಡಿದಳು. "ಅಯ್ಯೋ, ಎರಡು ತಪ್ಪು!"

"ಒಂದರಲ್ಲಿ ಬಿದ್ದ ಸೊನ್ನೆ ಕೆಳಗಿನ ಸಾಲಿಗೆ ಹೋಗಿ ಕೂತಿದೆ," ಎಂದರು ಬೋ ನೊಸಿಕು, ಮಾವಿನಹಣ್ಣು ಕಚ್ಚುತ್ತಾ. "ವಮುನ್ಯಿಮಾ ಸಾಹೇಬರಿಗೆ ಎಷ್ಟು ತಪ್ಪು ತೋರಿಸ್ದ?"

"ಕಲ್ಲಿಂದು ಮಾತ್ರ."

"ಕರಡಿಗೂ ಪಟ್ಟಿಗೂ ಹೋಲಿಸಿ ನೋಡ್ದೆ ಅಂದನಾ?"

"ಹೌದು, ಸಾಲು ಸಾಲಾಗಿ ಹೋಲಿಸಿದೆ ಅಂತ ಬರೆದು ಸಹಿ ಹಾಕಿದಾನೆ."

"ಹೂಂ. ಪೈಪಿನ ಚುಕ್ಕೆ ತೋರ್ಸು."

ನಮಕಾವು ಪೈಪಿನ ಚಿತ್ರ ತೆರೆದಳು. ಮೂರು ಹೊಸ ಚುಕ್ಕೆಗಳಲ್ಲಿ ಎರಡು ಹಿಂಡಿನ ನಡುವೆ ಒಟ್ಟಿಗಿದ್ದವು. ಇನ್ನೊಂದು ಪರದೆಯ ತಳಕ್ಕೇ ಅಂಟಿಕೊಂಡಿತ್ತು. ಬೋ ನೊಸಿಕು ಅದನ್ನು ತಾವೇ ಮುಟ್ಟಿ, ಹೆಸರು ಓದಿ, ನಮಗೆ ಕಾಣುವ ಮೊದಲೇ ಮುಚ್ಚಳ ಮುಚ್ಚಿದರು.

"ಯಾರದ್ದಮ್ಮಾ?" ಎಂದೆ.

"ಮೀನು ಬೇಯ್ತಿದೆ, ಹೋಗಿ ನೋಡು. ಸೋಮವಾರದವರೆಗೆ ನಿನ್ನ ಹೊಟ್ಟೇಲಿ ಮೀನಾದ್ರೂ ನಿಲ್ಲತ್ತೆ, ಮಾತು ನಿಲ್ಲಲ್ಲ."

ಸೋಮವಾರ ಹತ್ತಕ್ಕೆ ರಸ್ತೆ ಕಚೇರಿಯ ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರಿದರು. ಮುಖ್ಯ ಎಂಜಿನಿಯರ್ ಸಿಲುಮೆಸಿ ಮೇಜಿನ ತಲೆಯಲ್ಲಿ. ಅವರ ಬಲಕ್ಕೆ ಇಸ್ತ್ರಿ ಮಾಡಿದ ಸೂಟಿನಲ್ಲಿ ವಮುನ್ಯಿಮಾ. ಎದುರಿಗೆ ಸಿಟ್ವಾಲಾ, ಕೆಕೆಲ್ವಾ, ಲುಸಾಕಾ ಕಂಪನಿಯವನು. ಮೂಲೆಯಲ್ಲಿ ನಮಕಾವು.

"ಹೊರಗಿನವರು ಇಲ್ಲಿ ಯಾಕೆ?" ಎಂದ ವಮುನ್ಯಿಮಾ ನಮ್ಮನ್ನು ನೋಡಿ.

"ಕೂತ್ಕೊಳ್ಳಲಿ ಬಿಡಿ. ನಾನು ಹೊಸದಾಗಿ ಸೇರಿದಾಗ ಲಾರಿ ತೂಗೋದು ಕಲಿಸಿದ್ದು ಇವರೇ," ಎಂದರು ಸಿಲುಮೆಸಿ. "ಬೋ ನೊಸಿಕು, ಏನಾದ್ರೂ ಹೇಳೋದಿದ್ರೆ ಹೇಳಿ."

ಬೋ ನೊಸಿಕು ಎದ್ದು ಚಪ್ಪಾಳೆ ತಟ್ಟಿ ವಂದಿಸಿದರು.

"ಸಾಹೇಬ್ರೇ, ಠಾಣೇಲಿದ್ದಾಗ ಮರದ ಲಾರಿಗಳು ಜೋಡಿ ಬರೋವು. ಮುಂದಿನದರ ದೀಪ ಒಡೆದಿರೋದು. ನಾವೆಲ್ಲ ಅದನ್ನ ನಿಲ್ಲಿಸಿ ಬೈಯ್ತಾ ಇರೋ ಹೊತ್ತಿಗೆ, ಹಿಂದಿನದು ಡಬಲ್ ಲೋಡು ಹಾಕ್ಕೊಂಡು ಹೋಗ್ಬಿಡೋದು. ಒಂದು ವರ್ಷ ಮೋಸ ಹೋದೆ. ಆಮೇಲೆ ಒಡೆದ ದೀಪ ಕಂಡ ಕೂಡ್ಲೆ ಹಿಂದಿನ ಲಾರಿ ನೋಡೋದು ಕಲ್ತೆ. ಈ ಚಿತ್ರದಲ್ಲಿ ಸಿಟ್ವಾಲಾನ ಚುಕ್ಕೆ ಒಡೆದ ದೀಪ. ನಮಕಾವು, ಪೈಪು ತೋರ್ಸಮ್ಮ."

ಗೋಡೆಯ ಮೇಲೆ ಚುಕ್ಕೆಗಳು ಮೂಡಿದವು.

"ಪಟ್ಟೀಲಿ ಎರಡು ತಪ್ಪಿದೆ. ಕಲ್ಲಿನ ಸೊನ್ನೆ ತೆಗೆದು ಪೈಪಿಗೆ ಹಾಕಿದಾರೆ. ಕರಡು ನೋಡಿದೋನಿಗೆ ಎರಡೂ ಗೊತ್ತಿರ್ಬೇಕು, ಒಂದರ ಕೆಳಗೊಂದಿದೆ. ಸಿಟ್ವಾಲಾ ಪೈಪಿಗೆ ಸಾವಿರದ ನೂರು ಹಾಕಿದಾನೆ, ಹಿಂಡಿನ ಮಧ್ಯದಲ್ಲೇ ಇದಾನೆ. ಹಳ್ಳದ ಆಳ ಅವನಿಗೆ ಗೊತ್ತಿತ್ತು, ಗಳು ಇಳಿಸಿ ನೋಡಿದ್ದ. ಪೈಪಿನ ಲೆಕ್ಕ ಕಾಗದದಲ್ಲಿ ಮಾತ್ರ ಇರೋದು, ಅದು ಅವನಿಗೆ ಗೊತ್ತಿರಲಿಲ್ಲ. ಅಂದ್ರೆ ಕರಡು ನೋಡಿಲ್ಲ. ಈಗ ತಳದಲ್ಲಿರೋದನ್ನ ಮುಟ್ಟು."

ನಮಕಾವು ಮುಟ್ಟಿದಳು. ಗೋಡೆಯ ಮೇಲೆ ಹೆಸರು ಬಂತು: ಕೆಕೆಲ್ವಾ, ಇನ್ನೂರು ಕ್ವಾಚಾ.

"ಇನ್ನೂರಕ್ಕೆ ಪೈಪಿನ ಸಿಮೆಂಟೂ ಬರಲ್ಲ!" ಎಂದ ಲುಸಾಕಾದವನು ತಡೆಯಲಾರದೆ.

"ಬರಲ್ಲ. ಇನ್ನೂರ ನಲವತ್ತು ಪೈಪು ಕೊಡೋದಿದ್ರೆ ಮುಳುಗೋನು. ಕೊಡೋದು ಇಪ್ಪತ್ನಾಲ್ಕೇ ಅಂತ ಗೊತ್ತಿದ್ರೆ ನಷ್ಟ ಚಿಲ್ಲರೆ, ಮೇಲ್ನೋಟಕ್ಕೆ ಟೆಂಡರ್ ಅಗ್ಗ. ಕಲ್ಲಿಗೆ ಮಾತ್ರ ಒಂಬೈನೂರು, ಎಲ್ಲರಿಗಿಂತ ಜಾಸ್ತಿ. ನಾನೂರು ಮೀಟರಿಗೆ ಅದು ಕಣ್ಣಿಗೆ ಬೀಳಲ್ಲ. ಕೆಲಸ ಶುರುವಾಗಿ ನಾಲ್ಕು ಸಾವಿರ ಬೇಕು ಅಂತ ಆದಾಗ, ಸಿಟ್ವಾಲಾಗಿಂತ ಇಪ್ಪತ್ತೊಂದು ಲಕ್ಷ ಜಾಸ್ತಿ ಸರ್ಕಾರ ಕೊಡ್ಬೇಕಾಗ್ತಿತ್ತು. ಎರಡೂ ಸೊನ್ನೆಯ ಗುಟ್ಟು ಗೊತ್ತಿದ್ದೋನು ಇವನೊಬ್ಬನೇ."

"ಗುತ್ತಿಗೆದಾರ ಹೇಗೆ ಬೇಕಾದ್ರೂ ದರ ಹಾಕ್ಬಹುದು," ಎಂದ ಕೆಕೆಲ್ವಾ.

"ಹಾಕ್ಬಹುದಪ್ಪಾ. ಅದೃಷ್ಟ ಒಂದು ಸಾಲಲ್ಲಿ ಬಂದ್ರೆ ನಂಬ್ತೀನಿ. ಎರಡು ಸಾಲಲ್ಲಿ, ಒಂದರಲ್ಲಿ ಮೇಲೆ ಒಂದರಲ್ಲಿ ಕೆಳಗೆ, ಬೇಕಾದ ಕಡೆಗೇ ಬಂದ್ರೆ?"

ಸಿಲುಮೆಸಿ ಕನ್ನಡಕ ತೆಗೆದರು. "ಇವನಿಗೆ ಹೇಳಿದ್ದು ನಮಕಾವು ಯಾಕಾಗಿರ್ಬಾರ್ದು?"

"ಹೇಳಿದ್ದು ಅವಳಾಗಿದ್ರೆ ಕೆಕೆಲ್ವಾನ ಸೋಲಿಗೆ ಹೊಟ್ಟೆ ಉರ‍್ಕೊಳ್ಳೋದೂ ಅವಳೇ ಆಗಿರ್ತಿದ್ಲು. ಸಿಟ್ವಾಲಾನ ಕೆಳಗಿಳಿಸೋಕೆ ಮರುದಿನವೇ ಓಡಿ ಬಂದೋರು ಯಾರು? ವಮುನ್ಯಿಮಾ, ನೀವು ಸಾಲು ಸಾಲಾಗಿ ಹೋಲಿಸಿದೆ ಅಂತ ಸಹಿ ಹಾಕಿದೀರಿ. ಏಳನೇ ಸಾಲು ಕಂಡ ಕಣ್ಣಿಗೆ ಎಂಟನೇದು ಕಾಣಲಿಲ್ವಾ? ಕಂಡಿತ್ತು. ಅದನ್ನ ಹೇಳಿದ್ರೆ ಎಲ್ಲರೂ ಪೈಪಿನ ಚಿತ್ರ ತೆಗೀತಿದ್ರು, ತಳದಲ್ಲಿ ಕೆಕೆಲ್ವಾ ಸಿಗ್ತಿದ್ದ."

"ಅದು ಕಣ್ತಪ್ಪು," ಎಂದ ವಮುನ್ಯಿಮಾ.

ಬೋ ನೊಸಿಕು ಕೈಚೀಲದಿಂದ ಮಡಚಿದ ಕಾಗದ ತೆಗೆದು ಸಿಲುಮೆಸಿ ಅವರ ಮುಂದಿಟ್ಟರು. "ಕಲ್ಲಿನ ಪ್ರಮಾಣ ತಪ್ಪಿದೆ ಅಂತ ಸಿಟ್ವಾಲಾ ಒಂದು ತಿಂಗಳ ಹಿಂದೇನೇ ಬರ‍್ಕೊಟ್ಟ ಕಾಗದ. ಠಸ್ಸೆ ಪಕ್ಕದ ಸಹಿ ಯಾರದ್ದು ನೋಡಿ. ಒಬ್ಬ ಕೇಳಿದ್ರೆ ಉತ್ತರ ಎಲ್ಲರಿಗೂ ಕೊಡ್ಬೇಕು, ಅದು ನಿಮ್ಮ ನಿಯಮ. ಇದನ್ನ ನುಂಗಿದೋರಿಗೆ ತಪ್ಪು ಮೊನ್ನೆ ಗೊತ್ತಾಗಿದ್ದಲ್ಲ."

ಸಿಲುಮೆಸಿ ಕಾಗದವನ್ನು ಬೆಳಕಿಗೆ ಹಿಡಿದರು. ಆಮೇಲೆ ವಮುನ್ಯಿಮಾನ ಕಡೆ ತಿರುಗಿದರು.

"ಕೆಕೆಲ್ವಾ ನನ್ನ ಹೆಂಡ್ತಿ ತಮ್ಮ," ಎಂದ ವಮುನ್ಯಿಮಾ ಕೊನೆಗೆ, ಮೇಜನ್ನೇ ನೋಡುತ್ತಾ. "ಸೊನ್ನೆ ನಾನೇ ಬದಲಾಯಿಸ್ದೆ. ಟೈಪಿಂಗ್ ತಪ್ಪು ಅಂತ ಎಲ್ಲರೂ ಅಂದ್ಕೋತಾರೆ ಅನ್ಕೊಂಡೆ. ಸಿಟ್ವಾಲಾ ಅಷ್ಟು ಕಡಿಮೆ ಹಾಕ್ತಾನೆ ಅಂತ ಯಾರು ಕಂಡಿದ್ರು? ಎರಡು ಸಾವಿರದ ನಾನೂರು!"

"ಕೇಳಿದ್ರೆ ಹೇಳ್ತಿದ್ದೆ," ಎಂದ ಸಿಟ್ವಾಲಾ. "ದೋಣೀಲೂ ಜಾಗ ಇತ್ತು." ಲುಸಾಕಾದವನು ಮೊದಲು ನಕ್ಕ. ಆಮೇಲೆ ಸಿಲುಮೆಸಿಯವರ ಮೀಸೆಯೂ ಅಲುಗಾಡಿತು.

ಭಾವ ಭಾಮೈದ ಇಬ್ಬರನ್ನೂ ಪಕ್ಕದ ಕೋಣೆಯಲ್ಲಿ ಕೂರಿಸಿ ಸಿಲುಮೆಸಿ ಪೊಲೀಸರಿಗೆ ಫೋನ್ ಮಾಡಿಸಿದರು. ಎರಡೂ ಸಾಲುಗಳಿಗೆ ನಿಜವಾದ ಪ್ರಮಾಣ ಹಾಕಿ ಮೂವರ ಮೊತ್ತವನ್ನೂ ಮತ್ತೆ ಕೂಡಲು ಹೇಳಿದರು. ಹೇಗೆ ಕೂಡಿದರೂ ಸಿಟ್ವಾಲಾನದೇ ಕಡಿಮೆ. ಆಮೇಲೆ ಅವರು ಮೂಲೆಗೆ ಹೋಗಿ ನಮಕಾವಿನ ಮುಂದೆ ನಿಂತರು. ಮೇಲಧಿಕಾರಿ ಕಿರಿಯಳಿಗೆ ಚಪ್ಪಾಳೆ ತಟ್ಟಿ ವಂದಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಿನ್ನ ಚಿತ್ರ ನೋಡಿ ನಿನ್ನನ್ನೇ ತಪ್ಪಾಗಿ ತಿಳಿದೆ, ಮಗಳೇ. ಪೂರ್ತಿ ನೋಡ್ಬೇಕಿತ್ತು."

ನಮಕಾವು ಮತ್ತೆ ಪರದೆಯ ಕಡೆ ತಿರುಗಿದಳು. ಕಲ್ಲಿನ ಚಿತ್ರ ತೆರೆದು, ಈ ಟೆಂಡರಿನ ಪ್ರಮಾಣ ಅಳಿಸಿ, ನಾಲ್ಕು ಸಾವಿರದ ಇನ್ನೂರು ಎಂದು ಬರೆದಳು. ಗೋಡೆಯ ಮೇಲೆ ಆ ಒಂಟಿ ಕೆಂಪು ಚುಕ್ಕೆ ಮೆಲ್ಲಗೆ ಬಲಕ್ಕೆ ಜಾರಿತು. ಸಂಜೆ ಕೊಟ್ಟಿಗೆಗೆ ಬರುವ ಹಸುವಿನಂತೆ ನೇರ ಹೋಗಿ ಹಿಂಡಿನ ನಡುವೆ ನಿಂತಿತು. ಕೆಕೆಲ್ವಾನ ಚುಕ್ಕೆಯೂ ಜೊತೆಗೇ ಬಲಕ್ಕೆ ಸರಿದು, ಹಿಂಡಿಗಿಂತ ಎಷ್ಟೋ ಮೇಲೆ, ಒಂಟಿಯಾಗಿ ಉಳಿಯಿತು.

"ಅಮ್ಮಾ," ಎಂದೆ ಪಿಕಪ್ಪಿನಲ್ಲಿ, "ನನ್ನ ಲಾರಿ ಎರಡು ಸಲ ಹಿಡಿದಿರಲ್ಲ, ಆಗ ನಾನು ಮುಂದಿನ ಲಾರಿನಾ, ಹಿಂದಿನದಾ?"

"ನೀನಾ? ದೀಪಾನೂ ಒಡೆದಿತ್ತು, ಲೋಡೂ ಡಬಲ್ಲಿತ್ತು. ನಿನ್ನನ್ನ ಹಿಡಿಯೋಕೆ ಬುದ್ಧಿ ಬೇಕಿರಲಿಲ್ಲ. ದಕ್ಕೆ ಕಡೆ ತಿರುಗ್ಸು. ಸಿಟ್ವಾಲಾನ ತಾಯಿ ಸಿಬೋಯಾದಿಂದ ಮೀನು ಕಳಿಸಿದಾಳಂತೆ. ಇನ್ನೆರಡು ವರ್ಷಕ್ಕೆ ಅದು ರಸ್ತೆ ಮೇಲೇ ಬರತ್ತೆ."