ರಾಬಿನ್ ಗೂಡಿನಲ್ಲಿ ಬೆಕ್ಕಿನ ಕೂದಲು

ಟೈಲರಕ್ಕ ಬಾಗಿಲು ತಟ್ಟಿದಾಗ ಅಳಿಯ ಸೋಫಾದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ. ಎದುರಿನ ಕುರ್ಚಿಯಲ್ಲಿ ಅತ್ತೆ ಅವನು ಸುಲಿದದ್ದರಲ್ಲಿ ಹುಳುಕು ಹುಡುಕುತ್ತಿದ್ದರು. ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೋದ ದಿನ ಮನೆಯ ಕೆಲಸ ಹೀಗೆ ಹಂಚಿಕೆಯಾಗುತ್ತಿತ್ತು.

"ಮೇಡಂ, ನನ್ನ ಬೆಕ್ಕಿನ ಮೇಲೆ ಕೊಲೆ ಆಪಾದನೆ ಬಂದಿದೆ," ಎಂದಳು ಟೈಲರಕ್ಕ.

ಅಳಿಯ ನಕ್ಕ. ಅತ್ತೆ ಅವನತ್ತ ಒಂದು ನೋಟ ಬೀರಿದರು. ಅವನು ಮತ್ತೆ ಬಟಾಣಿಗೆ ಕೈ ಹಾಕಿದ.

ಅತ್ತೆ ವಿಮಾ ಕಂಪನಿಯಲ್ಲಿ ಬೆಂಕಿ ಅನಾಹುತಗಳ ತನಿಖೆ ಮಾಡಿಕೊಂಡಿದ್ದವರು. ಸುಟ್ಟ ಗೋದಾಮಿನ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಯಜಮಾನನೇ ಹಚ್ಚಿದನೋ ಎಂದು ಹೇಳುವುದು ಅವರ ಉದ್ಯೋಗವಾಗಿತ್ತು. ನಿವೃತ್ತಿಯಾದ ಮೇಲೆ ಬಡಾವಣೆಯವರು ಕಳೆದುಹೋದ ಸೈಕಲ್ಲಿನಿಂದ ಹಿಡಿದು ಮುರಿದುಬಿದ್ದ ಸಂಬಂಧದವರೆಗೆ ಎಲ್ಲದಕ್ಕೂ ಅವರ ಬಳಿಗೆ ಬರುತ್ತಿದ್ದರು. ಅಳಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಮಂಡಿ ನೋವಿನ ಅತ್ತೆಗೆ ತೋಳು ಕೊಟ್ಟು ಜೊತೆಗೆ ಹೋಗುವುದು ಅವನ ಪಾಲಿನ ಕೆಲಸ.

ಟೈಲರಕ್ಕ ಕೂತು ಹೇಳಿದಳು. ಅವಳು ಮೇಷ್ಟ್ರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದಳು. ಹಿತ್ತಿಲಿನ ಶೆಡ್ಡಿನ ಗೋಡೆಗೆ ಹಬ್ಬಿದ ಬಳ್ಳಿಯೊಳಗೆ ರಾಬಿನ್ ಹಕ್ಕಿ ಗೂಡು ಕಟ್ಟಿ ಮರಿ ಮಾಡಿತ್ತು. ಮೇಷ್ಟ್ರಿಗೆ ಅದರ ಮೇಲೆ ಪ್ರಾಣ. ಅವರ ಹೆಂಡತಿಯ ತಮ್ಮ, ಮದುವೆಗಳಿಗೆ ಹೋಗುವ ಫೋಟೋಗ್ರಾಫರ್, ಮಹಡಿಯ ಕೋಣೆಯಲ್ಲಿದ್ದುಕೊಂಡು ದಿನವೂ ಗೂಡಿನ ಫೋಟೋ ತೆಗೆಯುತ್ತಿದ್ದ. ಆ ದಿನ ಬೆಳಗ್ಗೆ ಗೂಡು ಬರಿದಾಗಿತ್ತು.

"ಮೊದಲು ನೋಡಿದ್ದು ಯಾರು?" ಅತ್ತೆ ಕೇಳಿದರು.

"ಫೋಟೋದವರೇ. ಭಾವನ್ನ ಕೂಗಿ ಕರೆದ್ರು. ಗೂಡೊಳಗೆ ಕಂದು ಕೂದಲು ಇದೆ, ಇದು ನಮ್ಮ ಬೆಕ್ಕು ಗುಂಡನದೇ ಅಂದ್ರು. ನಾನು ಹಲ್ಲುಜ್ಜಿ ಬರೋಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು."

"ಗುಂಡ ಎಲ್ಲಿದ್ದ?"

"ಬೆಳಗ್ಗೆ ಹೊರಗೆ ಬಿಟ್ಟಿದ್ದೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಅವನು ಇಲಿ ಕಂಡ್ರೂ ನನ್ನ ಮುಖ ನೋಡೋ ಜಾತಿ." ಅವಳು ಸೆರಗಿಗೆ ಅಂಟಿದ್ದ ದಾರದ ತುಂಡನ್ನು ಕಿತ್ತು ಬೆರಳಿಗೆ ಸುತ್ತಿದಳು. "ಬೆಕ್ಕಿಂದ ತೊಂದರೆ ಆದ್ರೆ ಮನೆ ಬಿಡ್ಬೇಕು ಅಂತ ಮೊದಲೇ ಮಾತಾಗಿತ್ತು. ಈ ತಿಂಗಳ ಕೊನೆಗೆ ಖಾಲಿ ಮಾಡಿ ಅಂದ್ರು ಮೇಷ್ಟ್ರು. ನನ್ನ ಗಿರಾಕಿಗಳೆಲ್ಲ ಈ ನಾಲ್ಕು ಬೀದಿಯವರು ಮೇಡಂ. ಬೇರೆ ಕಡೆ ಹೋದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಆ ವಯಸ್ಸು ಮುಗೀತು."

ಅತ್ತೆ ಬಟಾಣಿಯ ಬಟ್ಟಲನ್ನು ಪಕ್ಕಕ್ಕಿಟ್ಟರು. "ಅಳಿಯಂದ್ರೇ, ಚಪ್ಪಲಿ ಹಾಕ್ಕೊಳ್ಳಿ."

ಮೇಷ್ಟ್ರ ಹಿತ್ತಿಲು ಚಿಕ್ಕದು, ಅಚ್ಚುಕಟ್ಟು. ಒಂದು ಕಡೆ ಬಟ್ಟೆ ಒಣಗಿಸುವ ತಂತಿ, ಇನ್ನೊಂದು ಕಡೆ ಮರದ ಶೆಡ್ಡು. ಶೆಡ್ಡಿನ ಗೋಡೆಯನ್ನು ಬುಡದಿಂದ ಸೂರಿನವರೆಗೆ ಬಳ್ಳಿ ಆವರಿಸಿತ್ತು. ಗೂಡು ಆಳೆತ್ತರದಲ್ಲಿ, ಎಲೆಗಳ ಮರೆಯಲ್ಲಿತ್ತು. ಅಳಿಯ ನೋಡುತ್ತಿದ್ದಂತೆ ಹಕ್ಕಿಯೊಂದು ಬಾಯಲ್ಲಿ ಹುಳ ಕಚ್ಚಿಕೊಂಡು ಬಂದು ಬೇಲಿಯ ಮೇಲೆ ಕೂತಿತು. ಎಲೆಗಳೊಳಗೆ ನುಗ್ಗಿ, ಹುಳವನ್ನು ಕಚ್ಚಿಕೊಂಡೇ ಹೊರಗೆ ಬಂತು.

"ಬೆಳಗ್ಗೆಯಿಂದ ಹೀಗೇ," ಎಂದರು ಮೇಷ್ಟ್ರು. ಅವರ ಕಣ್ಣು ಕೆಂಪಾಗಿತ್ತು. "ಮರಿ ಇನ್ನಿಲ್ಲ ಅಂತ ಅದಕ್ಕೆ ಹೇಳಿಕೊಡೋಕೆ ಆಗಲ್ಲವಲ್ಲ."

ಅತ್ತೆ ಹಕ್ಕಿ ದೂರ ಹೋಗುವವರೆಗೂ ಕಾದು, ಬಳ್ಳಿಯ ಬುಡದಿಂದ ನೋಡುತ್ತ ಮೇಲೆ ಬಂದರು. ಬಳ್ಳಿ ತನ್ನ ಸಣ್ಣ ಬೇರುಗಳಿಂದ ಗೋಡೆಯನ್ನು ಕಚ್ಚಿ ಹಿಡಿದಿತ್ತು. ಅತ್ತೆ ಒಂದು ಕವಲನ್ನು ಮೆಲ್ಲಗೆ ಎಳೆದರು. ಚರ್ ಎಂದು ಸದ್ದಾಗಿ ಕವಲು ಕಿತ್ತುಬಂತು. ಬೇರಿದ್ದ ಕಡೆ ಗೋಡೆಯ ಬಣ್ಣವೂ ಎದ್ದು ಬಿಳಿ ಕಲೆ ಉಳಿಯಿತು. ಬೇರೆಲ್ಲೂ ಅಂಥ ಕಲೆ ಇರಲಿಲ್ಲ.

"ಈ ಬಳ್ಳಿಗೆ ರೋಗ ಬಿದ್ದಿದೆ ನೋಡಿ," ಎಂದ ಅಳಿಯ. ಗೂಡಿನ ಮುಂದೆ ಇಳಿಬಿದ್ದಿದ್ದ ಒಂದು ಗೊಂಚಲಿನ ಎಲೆಗಳು ಮಾತ್ರ ಮಾಸಲು ಬೂದು ಬಣ್ಣದಲ್ಲಿದ್ದವು. ಸುತ್ತಲಿನವೆಲ್ಲ ಕಡು ಹಸಿರು.

ಅತ್ತೆ ಅದರಲ್ಲೊಂದು ಎಲೆಯನ್ನು ಬೆರಳಿನಿಂದ ತಿರುಗಿಸಿದರು. ಆ ಬದಿ ಕಡು ಹಸಿರಾಗಿ ಹೊಳೆಯಿತು. ಅವರು ಗೊಂಚಲಿನ ಕಾಂಡವನ್ನೂ ನೋಡಿದರು. ಅಲ್ಲಿ ಯಾರೋ ಕಚ್ಚಿದ ಹಾಗೆ ಎದುರುಬದುರಾಗಿ ಸಣ್ಣ ಹಲ್ಲಿನ ಗುರುತುಗಳಿದ್ದವು.

"ಇಲಿ," ಎಂದ ಅಳಿಯ.

"ನಿಮ್ಮ ಅಂಗಡಿಗೆ ಒಂದ್ಸಲ ನೀವೇ ಗಿರಾಕಿಯಾಗಿ ಹೋಗಿ," ಎಂದರು ಅತ್ತೆ.

ಗೂಡು ಚೂರೂ ಹರಿದಿರಲಿಲ್ಲ. ಒಣಹುಲ್ಲು, ಪಾಚಿ, ತಳದಲ್ಲಿ ಮೆತ್ತನೆಯ ಹಾಸು. ಆ ಹಾಸಿನಲ್ಲಿ ಕಂದು ಕೂದಲು ಸ್ಪಷ್ಟವಾಗಿ ಕಾಣುತ್ತಿತ್ತು. ಟೈಲರಕ್ಕ ಮುಖ ತಿರುಗಿಸಿದಳು. ಆ ಬಣ್ಣದ ಬೆಕ್ಕು ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಅಷ್ಟರಲ್ಲಿ ಫೋಟೋಗ್ರಾಫರ್ ಕೆಳಗಿಳಿದು ಬಂದ. ಮೂವತ್ತರ ಆಸುಪಾಸಿನ, ನಯವಾಗಿ ಮಾತಾಡುವ ಮನುಷ್ಯ. ಕೇಳುವ ಮೊದಲೇ ಫೋನ್ ತೆಗೆದು ಫೋಟೋ ತೋರಿಸಿದ. ಅವುಗಳಲ್ಲೊಂದು ದೊಡ್ಡ ಫೋಟೋ ಪ್ರದರ್ಶನವೊಂದಕ್ಕೆ ಆಯ್ಕೆಯಾಗಿತ್ತು.

"ಹತ್ತು ವರ್ಷ ಮದುಮಕ್ಕಳ ಮುಖಾನೇ ತೆಗ್ದೆ ಮೇಡಂ. ಇದೇ ಮೊದಲು ಜನ ನನ್ನನ್ನ ಫೋಟೋಗ್ರಾಫರ್ ಅಂತ ಕರೆದಿದ್ದು."

ಮೊದಲ ಫೋಟೋಗಳಲ್ಲಿ ಚುಕ್ಕೆಯಿದ್ದ ಮೊಟ್ಟೆಗಳು ಕಂದು ನಾರಿನಂಥ ಹಾಸಿನ ಮೇಲೆ ಮಲಗಿದ್ದವು. ಎಲೆಯ ನೆರಳು ಅಡ್ಡಡ್ಡ ಬಿದ್ದು ಅರ್ಧ ಗೂಡು ಕತ್ತಲಾಗಿತ್ತು. ಕೊನೆಯವುಗಳಲ್ಲಿ ಮರಿಗಳು ಬಾಯಿ ತೆರೆದು ನಿಂತಿದ್ದವು. ಗಂಟಲಿನ ಹಳದಿಯೂ ಕಾಣುವಷ್ಟು ಸ್ಪಷ್ಟ.

"ಫ್ಲ್ಯಾಶ್ ಹಾಕಿದ್ರಾ?" ಅಳಿಯ ಕೇಳಿದ.

"ಛೇ, ಮರಿಗಳ ಕಣ್ಣಿಗೆ ಯಾರಾದ್ರೂ ಫ್ಲ್ಯಾಶ್ ಹಾಕ್ತಾರಾ? ಬರೀ ಬಿಸಿಲು. ಗೂಡಿನ ಹತ್ರ ಒಂದು ಎಲೇನೂ ಮುಟ್ಟಬಾರದು ಅನ್ನೋದು ಪ್ರದರ್ಶನದವರ ನಿಯಮ. ನಾನೂ ಮುಟ್ಟಿಲ್ಲ."

"ಒಳ್ಳೇದು," ಎಂದರು ಅತ್ತೆ.

ಬೇಲಿಯಾಚೆಯಿಂದ ಒಂದು ತಲೆ ಮೇಲೆದ್ದಿತು. ಪಕ್ಕದ ಮನೆಯ ಔಷಧಿ ಅಂಗಡಿಯವರು. ಹಕ್ಕಿ ಬೆಳಗಿನ ಜಾವ ಹಾಡಿ ನಿದ್ದೆ ಕೆಡಿಸುತ್ತದೆ, ಗೂಡು ಕಿತ್ತು ಬಿಸಾಡುತ್ತೇನೆ ಎಂದು ಅವರು ಹಿಂದಿನ ವಾರವಷ್ಟೇ ಕೂಗಾಡಿದ್ದು ಎಲ್ಲರಿಗೂ ಗೊತ್ತಿತ್ತು.

"ನನ್ನ ಮೇಲೂ ಅನುಮಾನ ಇದ್ರೆ ಈಗ್ಲೇ ಹೇಳಿಬಿಡಿ," ಎಂದರು ಅವರು. "ಬೈದಿದ್ದು ನಿಜ. ಮುಟ್ಟಿಲ್ಲ. ಮೊದಲು ಹಾಡುಗಾರಿಕೆ ಒಂದೇ ಇತ್ತು. ಭಾನುವಾರದಿಂದ ಕಾಗೆಗಳ ಪಂಚಾಯ್ತಿ ಬೇರೆ. ಶೆಡ್ಡಿನ ಸೂರಿನ ಮೇಲೆ ಕೂತು ಕಾ ಕಾ ಅಂತ ತಲೆ ತಿಂತಾವೆ. ಇವತ್ತು ಬೆಳಗ್ಗೆಯಂತೂ ಕಿವಿಗೆ ಹತ್ತಿ ಇಟ್ಕೊಂಡೆ."

"ಭಾನುವಾರಕ್ಕೆ ಮುಂಚೆ ಕಾಗೆ ಬರ್ತಿರ್ಲಿಲ್ವಾ?"

"ಇಲ್ಲಿಗೆ ಯಾಕೆ ಬರ್ತಾವೆ? ಮೇಷ್ಟ್ರ ಹಿತ್ತಿಲಲ್ಲಿ ಒಂದು ಅಗುಳೂ ಬಿದ್ದಿರಲ್ಲ."

ವಾಪಸು ಹೋಗುವ ಮುಂಚೆ ಅತ್ತೆ ಟೈಲರಕ್ಕನನ್ನು ಕೇಳಿದ್ದು ಒಂದೇ ಪ್ರಶ್ನೆ. "ಬೆಕ್ಕಿನ ಕೂದಲು ಬಟ್ಟೆಗೆ ಅಂಟಲ್ವೇನಮ್ಮ?"

"ಅಂಟದೆ? ಅದಕ್ಕೇ ಹೊಲಿಯೋಕೆ ಕೂರೋ ಮುಂಚೆ ದಿನಾ ಅವನನ್ನ ಬಾಚ್ತೀನಿ. ಬಾಚಣಿಗೆಯನ್ನ ಬೇಲಿ ಮೇಲೆ ಕೊಡವಿಬಿಡ್ತೀನಿ."

ದಾರಿಯಲ್ಲಿ ಅಳಿಯ ತನ್ನ ತೀರ್ಮಾನ ಒಪ್ಪಿಸಿದ. "ಔಷಧಿ ಅಂಗಡಿಯವರೇ. ಬೈದವರು ಅವರು, ಬೇಲಿ ಪಕ್ಕದಲ್ಲಿರೋರು ಅವರು. ಕೇಳದಿದ್ರೂ ಬಂದು ನಾನಲ್ಲ ಅಂದ್ರು."

"ಗೂಡು ಕಿತ್ತು ಬಿಸಾಡ್ತೀನಿ ಅಂದವರು ಗೂಡನ್ನ ಹಾಗೇ ಬಿಟ್ಟು ಮರಿಗಳನ್ನ ಮಾತ್ರ ಎತ್ಕೊಂಡು ಹೋದ್ರಾ? ಸಾಕೋಕೆ?"

"ಹಾಗಾದ್ರೆ ಯಾರು?"

"ನಾಳೆ ಸಂಜೆ ಎಲ್ಲರನ್ನೂ ಕೂರಿಸೋಣ. ಈಗ ಬಟಾಣಿ ಮುಗಿಸಿ."

ಮರುದಿನ ಸಂಜೆ ಮೇಷ್ಟ್ರ ಮನೆಯ ಊಟದ ಮೇಜಿನ ಸುತ್ತ ಎಲ್ಲರೂ ಸೇರಿದರು. ಮೇಷ್ಟ್ರ ಹೆಂಡತಿ ಚಹಾ ತಂದಿಟ್ಟು ತಮ್ಮನ ಪಕ್ಕದಲ್ಲೇ ಕೂತರು. ಟೈಲರಕ್ಕ ಬಾಗಿಲ ಬಳಿ ನಿಂತೇ ಇದ್ದಳು. ಕೂರಿ ಎಂದರೂ ಕೂರಲಿಲ್ಲ.

"ಮೊದಲು ಬೆಕ್ಕಿನ ವಿಷಯ," ಅತ್ತೆ ಶುರು ಮಾಡಿದರು. "ಅದರ ವಿರುದ್ಧ ಇರೋ ಸಾಕ್ಷಿ ಕೂದಲು. ಆ ಕೂದಲು ಗೂಡಿನ ಮೇಲೆ ಬಿದ್ದಿಲ್ಲ, ಹಾಸಿನೊಳಗೆ ಹೆಣೆದುಕೊಂಡಿದೆ. ಮೊಟ್ಟೆಯಿದ್ದಾಗಿನ ಫೋಟೋ ತೆಗೀರಿ. ಮೊಟ್ಟೆ ಕೆಳಗೆ ಕಂದು ಬಣ್ಣದ್ದು ಏನದು?"

ಫೋಟೋಗ್ರಾಫರ್ ಮೇಜಿನ ಮೇಲಿದ್ದ ಫೋನ್ ಮುಟ್ಟಲಿಲ್ಲ. ಮೇಷ್ಟ್ರೇ ಅದನ್ನು ಎತ್ತಿಕೊಂಡು, ದೊಡ್ಡದು ಮಾಡಿ ನೋಡಿದರು. "ಕೂದಲೇ."

"ಟೈಲರಕ್ಕ ಬೇಲಿ ಮೇಲೆ ಕೊಡವಿದ್ದನ್ನ ಹಕ್ಕಿ ಹೆಕ್ಕಿ ತಂದು ಹಾಸಿದೆ. ಮರಿ ಹುಟ್ಟೋ ಮುಂಚೇನೇ ಅದು ಅಲ್ಲಿತ್ತು. ಇನ್ನು ಬಳ್ಳಿ. ನಾನು ಎರಡು ಬೆರಳಲ್ಲಿ ಎಳೆದಿದ್ದಕ್ಕೇ ಬಣ್ಣದ ಸಮೇತ ಕಿತ್ತುಬಂತು. ಗುಂಡನಂಥ ದಪ್ಪ ಬೆಕ್ಕು ಹತ್ತಿದ್ರೆ ಬುಡದಿಂದ ಮೇಲಿನವರೆಗೂ ಗೋಡೆ ಕಿತ್ತುಹೋಗಿರ್ಬೇಕಿತ್ತು. ಹೋಗಿಲ್ಲ. ಬೆಕ್ಕಿನ ಮಾತು ಅಲ್ಲಿಗೆ ಮುಗೀತು."

ಟೈಲರಕ್ಕ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಮರಿಗಳನ್ನ ತಿಂದಿದ್ದು ಕಾಗೆ. ಮೇಲಿಂದ ಬಂದು, ಗೂಡು ಕದಲಿಸದೆ, ಒಂದೊಂದೇ ಎತ್ಕೊಂಡು ಹೋಗಿದೆ. ಅದು ಅದರ ಹೊಟ್ಟೆಪಾಡು, ಅದನ್ನ ಬೈಯೋಹಾಗಿಲ್ಲ. ಆದ್ರೆ ಇಷ್ಟು ದಿನ ಕಾಣದ ಗೂಡು ಭಾನುವಾರದಿಂದ ಕಾಗೆಗೆ ಹೇಗೆ ಕಾಣಿಸ್ತು? ನಮ್ಮ ಅಳಿಯಂದ್ರು ರೋಗ ಅಂದ್ಕೊಂಡ ಎಲೆ ಅದಕ್ಕೆ ಉತ್ತರ."

ಅಳಿಯ ಚಹಾದ ಲೋಟದೊಳಗೆ ನೋಡಿದ.

"ಎಲೆ ತನ್ನ ಹಸಿರು ಮುಖವನ್ನ ಬಿಸಿಲಿಗೆ ಕೊಡುತ್ತೆ, ಮಾಸಲು ಬೆನ್ನನ್ನ ಗೋಡೆಗೆ. ಗೂಡಿನ ಮುಂದಿನ ಗೊಂಚಲು ಒಂದೇ ತಿರುಗುಮುರುಗು, ಬೆನ್ನು ಹೊರಗೆ. ಯಾರೋ ಆ ಗೊಂಚಲನ್ನ ಮಗುಚಿ ಪಕ್ಕಕ್ಕೆ ಕಟ್ಟಿದ್ದಾರೆ. ಹಾಗೇ ಕೆಲವು ದಿನ ಬಿಟ್ಟಿದ್ದಾರೆ. ಎಲೆಗಳು ಅಲ್ಲೇ ಮೆಲ್ಲಗೆ ಬಿಸಿಲ ಕಡೆ ತಿರುಗ್ಕೊಂಡಿವೆ. ಆಮೇಲೆ ಬಿಚ್ಚಿ ಮೊದಲಿನ ಜಾಗಕ್ಕೆ ಬಿಟ್ಟಾಗ ಉಲ್ಟಾ ಆಗಿವೆ. ಎಲೆ ಅಷ್ಟು ಬೇಗ ಮುಖ ಬದಲಾಯಿಸಲ್ಲ. ಕಾಂಡದ ಮೇಲಿರೋ ಹಲ್ಲಿನ ಗುರುತು ಇಲಿಯದಲ್ಲ, ಕ್ಲಿಪ್ಪಿನದು. ಪರದೆಗೆ ಹಾಕ್ತಾರಲ್ಲ, ಹಲ್ಲಿರೋ ದೊಡ್ಡ ಕ್ಲಿಪ್ಪು."

"ಅಂಥ ಕ್ಲಿಪ್ಪು ಯಾರ ಮನೇಲಾದ್ರೂ ಇರುತ್ತೆ," ಎಂದರು ಮೇಷ್ಟ್ರ ಹೆಂಡತಿ.

"ಇರುತ್ತೆ. ಆದ್ರೆ ಕೊನೆಯ ಫೋಟೋಗಳಲ್ಲಿ ಮರಿಗಳ ಗಂಟಲೊಳಕ್ಕೂ ಬಿಸಿಲಿದೆ. ಫ್ಲ್ಯಾಶ್ ಅಲ್ಲ, ಬರೀ ಬಿಸಿಲು ಅಂತ ಅವರೇ ಹೇಳಿದ್ರು. ಎಲೆ ಅಡ್ಡ ಇದ್ರೆ ಆ ಬಿಸಿಲು ಎಲ್ಲಿಂದ ಬಂತು? ಗೂಡು ತೆರೆದಿದ್ದನ್ನ ಕಣ್ಣಾರೆ ಕಂಡು ಫೋಟೋ ತೆಗೆದವರು, ಎಲೆ ಮುಟ್ಟಿಲ್ಲ ಅಂದ್ರು. ಬರಿದಾದ ಗೂಡನ್ನ ಮೊದಲು ನೋಡಿದ್ದೂ ಅವರೇ. ಭಾವನ್ನ ಕೂಗೋ ಮುಂಚೆ ಕ್ಲಿಪ್ಪು ತೆಗೆಯೋಕೆ ಎಷ್ಟು ಹೊತ್ತು ಬೇಕು?"

ಔಷಧಿ ಅಂಗಡಿಯವರು ಬಿಸ್ಕತ್ತನ್ನು ಸದ್ದಾಗದಂತೆ ಕಚ್ಚಲು ನೋಡಿ ಸೋತರು.

"ಹೌದಾ?" ಮೇಷ್ಟ್ರು ಭಾವಮೈದುನನನ್ನು ಕೇಳಿದರು.

ಅವನು ಮೇಜು ನೋಡುತ್ತ ಹೇಳಿದ. "ಮುಖದ ಮೇಲೆ ನೆರಳಿದ್ರೆ ನನ್ನ ಕೈ ಸುಮ್ನಿರಲ್ಲ ಭಾವ. ಮದುವೇಲಿ ಹೂವಿನ ಸರ ಅಡ್ಡ ಬಂದ್ರೆ ಸರಿಸಿ ಕ್ಲಿಪ್ಪು ಹಾಕೋದು ಅಭ್ಯಾಸ. ಇಲ್ಲೂ ಹಾಗೇ ಹಾಕಿದೆ. ದಿನಾ ತೆಗೆದು ಹಾಕಿದ್ರೆ ಹಕ್ಕಿ ಗಾಬರಿಯಾಗುತ್ತೆ ಅಂತ ಹಾಗೇ ಬಿಟ್ಟೆ. ಒಳ್ಳೇದೇ ಮಾಡ್ತಿದೀನಿ ಅಂದ್ಕೊಂಡೆ. ಬೆಳಗ್ಗೆ ನೋಡಿದ್ರೆ ಗೂಡು ಖಾಲಿ. ಪ್ರದರ್ಶನದ ಅವಕಾಶ ಕೈತಪ್ಪುತ್ತಲ್ಲ ಅಂತ ಕ್ಲಿಪ್ಪು ತೆಗೆದೆ. ಆಗ ಆ ಕೂದಲು ಕಾಣಿಸ್ತು. ಬೆಕ್ಕು ಅಂತ ಬಾಯಿಗೆ ಬಂದುಬಿಡ್ತು."

"ಬಂದಿದ್ದನ್ನ ಬೀದಿ ತುಂಬ ಹೇಳ್ಕೊಂಡು ಬಂದ್ರಲ್ಲ," ಎಂದಳು ಟೈಲರಕ್ಕ. ಆ ಸಂಜೆ ಅವಳು ಮೊದಲ ಸಲ ಬಾಯಿಬಿಟ್ಟಿದ್ದಳು.

ಮೇಷ್ಟ್ರು ಎದ್ದು ನಿಂತರು. "ಟೈಲರಮ್ಮ, ಮನೆ ಬಿಡೋ ಮಾತು ಇಲ್ಲಿಗೆ ಬಿಡಿ. ನನ್ನದು ತಪ್ಪಾಯ್ತು. ನಾನೇ ಎಲ್ಲರಿಗೂ ಹೇಳ್ತೀನಿ."

"ನೀವು ಬೇಡ ಮೇಷ್ಟ್ರೇ. ನಿನ್ನೆ ನಾನು ಹೇಳಿದ್ದನ್ನ ನೀವು ಕಿವಿಗೇ ಹಾಕ್ಕೊಳ್ಳಲಿಲ್ಲ, ಅದು ಆಯ್ತು. ಹೇಳಿದ್ದು ಇವರು. ಯಾವ ಯಾವ ಮನೆಗೆ ಹೇಳಿದ್ರೋ ಆ ಮನೆಗೆಲ್ಲ ಇವರೇ ಹೋಗಿ, ತಪ್ಪು ಬೆಕ್ಕಿನದಲ್ಲ, ನನ್ನದು ಅಂತ ಹೇಳ್ಲಿ. ಇವತ್ತು ಬ್ಲೌಸ್ ತಗೊಂಡು ಹೋಗೋಕೆ ಬಂದ ಒಬ್ಬಳು ಒಳಗೆ ಬರದೆ ಗೇಟಲ್ಲೇ ನಿಂತಿದ್ಲು."

"ಪ್ರದರ್ಶನದವರಿಗೂ ಹೇಳ್ಬೇಕಾಗುತ್ತೆ," ಎಂದರು ಅತ್ತೆ.

"ಮೇಡಂ, ಅದೊಂದು..." ಎಂದು ಅವನು ಅಕ್ಕನ ಕಡೆ ನೋಡಿದ.

ಅಕ್ಕ ಅವನ ಮುಂದಿದ್ದ ಚಹಾದ ಲೋಟವನ್ನು ಎತ್ತಿಕೊಂಡರು. ಅವನು ಇನ್ನೂ ಕುಡಿದಿರಲಿಲ್ಲ. "ಕತ್ತಲಾಗೋ ಮುಂಚೆ ಹೋಗಿ ಬಾ," ಎಂದರು.

ಅಳಿಯ ಮತ್ತು ಅತ್ತೆ ಹೊರಗೆ ಬಂದಾಗ ಅವನು ಆಗಲೇ ಎದುರು ಮನೆಯ ಗೇಟಿನಲ್ಲಿ ನಿಂತಿದ್ದ. ಬೆಲ್ ಒತ್ತಿ ಕೈಕಟ್ಟಿಕೊಂಡ, ಮತ್ತೆ ಬಿಟ್ಟ. ಬಾಗಿಲು ತೆರೆದು ಹೆಂಗಸೊಬ್ಬಳು ಹೊರಗೆ ಬಂದಳು. ಅವನೇನು ಹೇಳಿದನೋ ಇಲ್ಲಿಗೆ ಕೇಳಿಸಲಿಲ್ಲ. ಅವಳು ಅವನನ್ನು ನೋಡಿ, ಆಮೇಲೆ ಮೇಷ್ಟ್ರ ಮನೆಯ ಹಿಂಬದಿಯತ್ತ ನೋಡಿದಳು.

"ಎಲ್ಲಾ ಮನೆಗೂ ಹೋಗ್ತಾನಾ ನೋಡೋಣ್ವಾ?" ಅಳಿಯ ಕೇಳಿದ.

"ನಾವು ಕಾವಲು ನಿಂತ್ರೆ ನಮಗೋಸ್ಕರ ಹೋಗ್ತಾನೆ. ತೋಳು ಕೊಡಿ."

ಮಂಡಿ ನೋವಿನ ನಡಿಗೆ ನಿಧಾನ. ಬೀದಿಯ ತಿರುವಿಗೆ ಬಂದಾಗ ಅತ್ತೆ ತಿರುಗಿ ನೋಡಲಿಲ್ಲ, ಅಳಿಯ ನೋಡಿದ. ಫೋಟೋಗ್ರಾಫರ್ ಆ ಗೇಟಿನಿಂದ ಹೊರಗೆ ಬಂದು, ನಡುಬೀದಿಯಲ್ಲಿ ನಿಂತು ಮುಖ ಒರೆಸಿಕೊಂಡ. ಆಮೇಲೆ ಪಕ್ಕದ ಮನೆಯ ಬೆಲ್ ಒತ್ತಿದ.